ಆ ದಂಡೆ, ಈ ದಂಡೆ, ನಮ್ಮ ಮನೆ ನಳ

ಮೊನ್ನೆ ರಾತ್ರಿ ಎರಡೂವರೆಗೆ ಅವ್ವ ಬಂದು ಎಬ್ಬಿಸಿದಳು. "ಏಳಪ್ಪಾ, ನಳಕ್ಕ ನೀರು ಬಂದಾವ." ಹೋದ ಸಲ ಬಂದು ಆರು ದಿನ ಆಗಿತ್ತು. ಎದ್ದು ಪೈಪ್ ಹಚ್ಚಿದೆ. ಮೊದಲ ಹತ್ತು ನಿಮಿಷ ಕೆಂಪು ನೀರು, ಅದನ್ನು ಗಿಡಕ್ಕೆ ಬಿಡಬೇಕು. ಆಮೇಲೆ ಕುಡಿಯೋ ನೀರಿನ ಕೊಡ, ಆಮೇಲೆ ಡ್ರಮ್ಮು, ಕೊನೆಗೆ ನೆಲದ ಟಾಕಿ. ಈ ಕ್ರಮ ಅವ್ವನಿಗೆ ನಿದ್ದೆಗಣ್ಣಲ್ಲೂ ತಪ್ಪುವುದಿಲ್ಲ. ಕಲಬುರಗಿಯ ನಮ್ಮ ಓಣಿಯಲ್ಲಿ ಒಂದೊಂದೇ ಮನೆಯ ಲೈಟು ಹತ್ತಿಕೊಂಡವು. ಪಕ್ಕದ ಮನೆ ಕಾಕಾ ಕಾಂಪೌಂಡಿನ ಆಚೆಯಿಂದ ಕೇಳಿದರು, "ಎರಡು ದೇಶದಾಗ ಇದ್ದು ಬಂದೀಯಲ್ಲ, ಯಾವುದು ಚಲೋ ಅದ?" ಅಂಥ ಹೊತ್ತಲ್ಲಿ ಏನು ಹೇಳಲಿ? "ನಾಳೆ ಹೇಳ್ತೀನ್ರಿ ಕಾಕಾ" ಅಂದೆ. ಎರಡು ದಿನದಿಂದ ಅದೇ ತಲೆಯಲ್ಲಿ ಓಡುತ್ತಿದೆ, ಅದಕ್ಕೇ ಬರೆಯುತ್ತಿದ್ದೇನೆ.

ನಾನು 2016ರಿಂದ ಮೂರು ವರ್ಷ ಮಲೇಷ್ಯಾದ ಜೊಹೊರ್ ಬಹ್ರುವಿನಲ್ಲಿ ಇದ್ದೆ, ಫ್ಯಾಕ್ಟರಿಯಲ್ಲಿ ಮಷೀನು ರಿಪೇರಿ ಕೆಲಸ. ಆಮೇಲೆ ನಾಲ್ಕು ವರ್ಷ ಸಿಂಗಪುರ. ಎರಡರ ನಡುವೆ ಇರುವುದು ಸಮುದ್ರಕ್ಕೆ ಕಲ್ಲು ತುಂಬಿ ಕಟ್ಟಿದ ಒಂದು ಕಿಲೋಮೀಟರಿನಷ್ಟು ರಸ್ತೆ, 1924ರದ್ದು. ಕಲಬುರಗಿಯಿಂದ ಶಹಾಬಾದ್ ಅದಕ್ಕಿಂತ ಎಷ್ಟೋ ದೂರ. 1963ರಿಂದ 1965ರ ಆಗಸ್ಟ್ 9ರವರೆಗೆ ಎರಡೂ ಒಂದೇ ದೇಶ ಆಗಿದ್ದವು. ಈಗಲೂ ಬೆಳಗಿನ ಜಾವ ನಾಲ್ಕಕ್ಕೇ ಜೊಹೊರ್ ಕಡೆಯಿಂದ ಸಾವಿರಾರು ಬೈಕುಗಳು ಆ ರಸ್ತೆಗೆ ಬರುತ್ತವೆ. ಒಂದು ಸಿಂಗಪುರ ಡಾಲರ್‌ಗೆ ಮಲೇಷ್ಯಾದ ಮೂರು ರಿಂಗಿಟ್ ಮೇಲೆ ಸಿಗುತ್ತದಲ್ಲ, ಸಿಂಗಪುರದಲ್ಲಿ ದುಡಿದು ಜೊಹೊರ್‌ನಲ್ಲಿ ಮನೆ ನಡೆಸುತ್ತಾರೆ. ಊಟವೂ ಒಂದೇ ತರ. ಜೊಹೊರ್‌ನಲ್ಲಿ ರೊಟಿ ಚನಾಯ್ ಅಂತಾರೆ, ದಾಟಿದರೆ ಅದೇ ರೊಟಿ ಪ್ರಾಟಾ, ನಮ್ಮ ಪರಾಠಾ. ನಾನು ಜೊಹೊರ್‌ನಲ್ಲಿ ಕೊಡುತ್ತಿದ್ದ ಬಾಡಿಗೆಗೆ ಎರಡು ಕೋಣೆಯ ಮನೆ ಇತ್ತು. ಸಿಂಗಪುರದಲ್ಲಿ ಅದಕ್ಕಿಂತ ಜಾಸ್ತಿ ಕೊಟ್ಟರೂ ಸಿಕ್ಕಿದ್ದು ಇನ್ನೊಬ್ಬರ ಜೊತೆ ಹಂಚಿಕೊಂಡ ಒಂದು ಕೋಣೆ.

ಆದರೆ ಕಾಕಾ ಕೇಳಿದ್ದು ನೀರು ತುಂಬುವಾಗ. ಅದಕ್ಕೆ ನೀರಿನ ಮಾತೇ ಹೇಳುತ್ತೇನೆ.

ಆ ರಸ್ತೆಯ ಎರಡು ಕಡೆಯವರೂ ಕುಡಿಯುವ ನೀರಲ್ಲಿ ಒಂದೇ ಹೊಳೆಯ ಪಾಲಿದೆ, ಜೊಹೊರ್ ಹೊಳೆ. 1962ರ ಒಪ್ಪಂದದ ಪ್ರಕಾರ ಸಿಂಗಪುರ ದಿನಕ್ಕೆ 25 ಕೋಟಿ ಗ್ಯಾಲನ್‌ವರೆಗೂ ತೆಗೆದುಕೊಳ್ಳಬಹುದು, ಸಾವಿರ ಗ್ಯಾಲನ್‌ಗೆ 3 ಸೆನ್ ದರ. ನೂರು ಸೆನ್ ಸೇರಿದರೆ ಒಂದು ರಿಂಗಿಟ್. ಅದರಲ್ಲಿ ಒಂದಷ್ಟನ್ನು ಸಿಂಗಪುರ ಶುದ್ಧ ಮಾಡಿ ಜೊಹೊರ್‌ಗೇ ವಾಪಸ್ ಕೊಡುತ್ತದೆ, ಸಾವಿರ ಗ್ಯಾಲನ್‌ಗೆ 50 ಸೆನ್. ಜೊಹೊರ್ ಜನಕ್ಕೆ ಈ ಲೆಕ್ಕ ಕೇಳಿದರೆ ಹೊಟ್ಟೆ ಉರಿಯುತ್ತದೆ. ಶುದ್ಧ ಮಾಡುವ ಖರ್ಚೇ ಅದಕ್ಕಿಂತ ಜಾಸ್ತಿ ಬೀಳುತ್ತದೆ ಅಂತ ಸಿಂಗಪುರದವರು ಹೇಳುತ್ತಾರೆ. ಒಪ್ಪಂದ 2061ಕ್ಕೆ ಮುಗಿಯುತ್ತದೆ.

2019ರ ಏಪ್ರಿಲ್‌ನಲ್ಲಿ ಆ ಹೊಳೆಗೆ ಅಮೋನಿಯಾ ಸೇರಿತು. ನೀರು ಶುದ್ಧ ಮಾಡುವ ಘಟಕಗಳನ್ನು ನಿಲ್ಲಿಸಿದರು. ಆಗ ನಾನಿನ್ನೂ ಜೊಹೊರ್‌ನಲ್ಲೇ ಇದ್ದೆ. ಜೊತೆಗೆ ಕೆಲಸ ಮಾಡುತ್ತಿದ್ದ ಒಬ್ಬನ ಮನೆಗೆ ನೀರು ನಿಂತೇ ಹೋಯಿತು. ಸಣ್ಣ ಮಗು ಬೇರೆ. ಅವನು ಡ್ಯೂಟಿ ಮುಗಿಸಿ ಫ್ಯಾಕ್ಟರಿಯ ನಳದಲ್ಲಿ ಐದು ಲೀಟರಿನ ಎರಡು ಕ್ಯಾನ್ ತುಂಬಿ, ಬೈಕಿನ ಹ್ಯಾಂಡಲ್‌ಗೆ ಒಂದೊಂದು ಕಡೆ ನೇತುಹಾಕಿಕೊಂಡು ಹೋಗುತ್ತಿದ್ದ. ಅದನ್ನು ನೋಡಿದಾಗ ನನಗೆ ನಮ್ಮೂರಲ್ಲಿ ಸೈಕಲ್ಲಿಗೆ ಕೊಡ ಕಟ್ಟಿಕೊಂಡು ಹೋಗುವವರೇ ಕಣ್ಮುಂದೆ ಬಂದರು. ಅದೇ ಹೊಳೆ ನೀರು ಕುಡಿಯುವ ಸಿಂಗಪುರದಲ್ಲಿ ಅವತ್ತು ಒಂದು ನಳವೂ ನಿಲ್ಲಲಿಲ್ಲ. ಸಮುದ್ರದ ನೀರಿನಿಂದ ಉಪ್ಪು ತೆಗೆಯುವುದನ್ನು ಜಾಸ್ತಿ ಮಾಡಿದರು, ಊರೊಳಗಿನ ಘಟಕಗಳಿಂದಲೂ ಜಾಸ್ತಿ ನೀರು ಬಿಟ್ಟರು. ಚರಂಡಿ ನೀರನ್ನೇ ಮತ್ತೆ ಶುದ್ಧ ಮಾಡಿದ ನೀರೂ ಅಲ್ಲಿ ಇದೆ, ಅದಕ್ಕೆ ನ್ಯೂವಾಟರ್ ಅಂತ ಹೆಸರು, 2003ರಲ್ಲಿ ಶುರು ಮಾಡಿದ್ದು. 2008ರಲ್ಲಿ ಊರ ನಡುವೆ ಸಮುದ್ರದ ಬಾಯಿಗೇ ಅಣೆಕಟ್ಟು ಕಟ್ಟಿ ಮಳೆ ನೀರು ಹಿಡಿದಿಟ್ಟುಕೊಂಡಿದ್ದಾರೆ. ಸ್ವಂತದ್ದು ಅಂತ ದೊಡ್ಡ ಹೊಳೆ ಇಲ್ಲದ ಊರು ಅದು, ನೆನಪಿರಲಿ.

ಇದೆಲ್ಲ ಪುಕ್ಕಟೆ ಅಲ್ಲ. 2017 ಮತ್ತು 2018ರಲ್ಲಿ ಎರಡು ಕಂತಿನಲ್ಲಿ ನೀರಿನ ದರ ನೂರಕ್ಕೆ 30ರಷ್ಟು ಏರಿಸಿದರು. ಜನ ಬೈದರು, ಕಟ್ಟಿದರು. ನಾನು ಅಲ್ಲಿಗೆ ಹೋದ ಹೊಸದರಲ್ಲಿ ರೂಢಿ ಬಿಡದೆ ನೀರು ಕಾಯಿಸಿ ಬಾಟ್ಲಿಗೆ ತುಂಬಿಡುತ್ತಿದ್ದೆ. ಮನೆ ಯಜಮಾನಿ ನೋಡಿ ನಗುತ್ತಾ ನಳಕ್ಕೆ ಗ್ಲಾಸ್ ಹಿಡಿದು ಹಾಗೇ ಕುಡಿದು ತೋರಿಸಿದರು. ನಿಂತ ನೀರಲ್ಲಿ ಸೊಳ್ಳೆ ಹುಟ್ಟಿದೆಯಾ ಅಂತ ನೋಡುವ ಸರ್ಕಾರದವರು ಟಾರ್ಚ್ ಹಿಡಿದು ಮನೆ ಒಳಗೇ ಬರುತ್ತಾರೆ, ಹೂವಿನ ಕುಂಡದ ಕೆಳಗಿನ ತಟ್ಟೆ ಎತ್ತಿ ನೋಡುತ್ತಾರೆ. ನಮ್ಮ ಮನೆಯ ಡ್ರಮ್ಮುಗಳನ್ನು ಅವರು ನೋಡಿದರೆ ಏನಂತಾರೋ ಅಂತ ಎಷ್ಟೋ ಸಲ ಅನಿಸಿದೆ. ನಳ ದಿನಾ ಬಂದರೆ ಯಾರು ಡ್ರಮ್ಮು ತುಂಬಿಡುತ್ತಾರೆ ಹೇಳಿ?

ಹಾಗಂತ ಸಿಂಗಪುರವೇ ಚಲೋ ಅಂತ ಕಾಕಾಗೆ ಹೇಳಿಬಿಡಲು ನನಗೆ ಮನಸ್ಸಿಲ್ಲ. 2020ರಲ್ಲಿ ಕೊರೊನಾ ಬಂದಾಗ ಅಲ್ಲಿನ ಕಾರ್ಮಿಕರ ವಸತಿಗಳಲ್ಲಿ ಮೂರು ಲಕ್ಷಕ್ಕೂ ಜಾಸ್ತಿ ಜನ ಇದ್ದರು, ಬಾಂಗ್ಲಾದವರು, ತಮಿಳರು, ತೆಲುಗರು. ಒಂದೊಂದು ಕೋಣೆಗೆ ಹತ್ತು, ಹನ್ನೆರಡು ಮಂಚ. ಗೇಟು ಹಾಕಿ ಒಳಗೇ ಇಟ್ಟರು, ಹೆಚ್ಚುಕಡಿಮೆ ಅರ್ಧ ಜನಕ್ಕೆ ಸೋಂಕು ತಗುಲಿತು. ಅಷ್ಟು ಅಚ್ಚುಕಟ್ಟಾದ ಊರನ್ನು ಕಟ್ಟಿದ ಕೈಗಳೇ ಅವು, ಅದನ್ನು ನಾನು ಮರೆಯಲಾರೆ. ಮಲೇಷ್ಯಾದಲ್ಲಿ ಸರ್ಕಾರಿ ದವಾಖಾನೆಯಲ್ಲಿ ಅಲ್ಲಿನ ಪ್ರಜೆ ಡಾಕ್ಟರಿಗೆ ತೋರಿಸಿಕೊಳ್ಳಲು ಕೊಡುವುದು 1 ರಿಂಗಿಟ್. ನಾವು ಹೊರಗಿನವರು, ಜಾಸ್ತಿ ಕೊಡಬೇಕಿತ್ತು, ಆದರೂ ಸಾಲ ಮಾಡುವಷ್ಟೇನಲ್ಲ. ಜ್ವರ ಬಂದು ಮಲಗಿದಾಗ ಪಕ್ಕದ ಮನೆ ಮಲಯ್ ಅಜ್ಜಿ ಮೂರು ದಿನ ಗಂಜಿ ತಂದು ಕೊಟ್ಟಿದ್ದು ಜೊಹೊರ್‌ನಲ್ಲೇ.

ಜೊಹೊರ್‌ನಲ್ಲಿ ನೀರು ನಿಲ್ಲುತ್ತಿರಲಿಲ್ಲ ಅಂತಲ್ಲ. ನಿಲ್ಲುತ್ತಿತ್ತು. ಆದರೆ ರಿಪೇರಿ ಇದ್ದರೆ ಯಾವ ಏರಿಯಾ, ಎಷ್ಟು ಗಂಟೆಯಿಂದ ಎಷ್ಟು ಗಂಟೆವರೆಗೆ ಅಂತ ಮುಂಚೆಯೇ ಗೊತ್ತಾಗುತ್ತಿತ್ತು. ನಾವು ಹಿಂದಿನ ರಾತ್ರಿ ಬಕೆಟ್ ತುಂಬಿಟ್ಟು ಆರಾಮಾಗಿ ಮಲಗುತ್ತಿದ್ದೆವು.

ನನಗೆ ಬೇಕಾದದ್ದು ಇಷ್ಟೇ. ಕಲಬುರಗಿಗೂ ನೀರು ಬರುವುದು ಭೀಮಾದಿಂದ, ಬೆಣ್ಣೆತೊರೆಯಿಂದ. ಭೀಮಾ ಮೇಲಿನಿಂದ, ಮಹಾರಾಷ್ಟ್ರದಿಂದ ಬರುವ ಹೊಳೆ. ಬ್ಯಾಸಗಿ ಬಂತೆಂದರೆ ಅಲ್ಲಿನ ಉಜನಿ ಡ್ಯಾಮಿನಿಂದ ನೀರು ಬಿಡಿ ಅಂತ ಕೇಳಬೇಕು. ಆ ಕಷ್ಟ ನನಗೆ ಅರ್ಥ ಆಗುತ್ತದೆ. ನೀರು ಕಮ್ಮಿ ಇದ್ದರೆ ಕಮ್ಮಿ ಬಿಡಲಿ. ಯಾವ ದಿನ, ಎಷ್ಟು ಗಂಟೆಗೆ ಅಂತ ಹೇಳಲು ಹೊಳೆ ತುಂಬಬೇಕಾಗಿಲ್ಲ, ಅಲ್ವಾ? ಅವ್ವನಿಗೆ ಈಗ ಅರವತ್ತೆಂಟು. ಐದನೇ ದಿನ ಆಯಿತು ಅಂದರೆ ಅವಳು ಹಾಸಿಗೆಯಲ್ಲಿ ಮಲಗುವುದಿಲ್ಲ, ಬಾಗಿಲ ಹತ್ತಿರ ಚಾಪೆ ಹಾಸಿಕೊಳ್ಳುತ್ತಾಳೆ, ನಳದ ಗಾಳಿ ಸಪ್ಪಳ ಕೇಳಲಿ ಅಂತ.

ನಿನ್ನೆ ಅಡುಗೆಮನೆಯ ಕ್ಯಾಲೆಂಡರ್ ತಿರುವಿ ನೋಡಿದೆ. ನೀರು ಬಂದ ದಿನಕ್ಕೆಲ್ಲ ಅವ್ವ ಪೆನ್ಸಿಲ್‌ನಲ್ಲಿ ಸುತ್ತು ಹಾಕಿ ಪಕ್ಕದಲ್ಲಿ ಟೈಮ್ ಬರೆದಿದ್ದಾಳೆ. ರಾತ್ರಿ 2, ಬೆಳಿಗ್ಗೆ 11, ರಾತ್ರಿ 1. ನಡುವೆ ನಾಲ್ಕು ದಿನ, ಆರು ದಿನ, ಏಳು ದಿನ. ಯಾರೂ ಹೇಳದೆ ಜನವರಿಯಿಂದ ಬರೆದುಕೊಂಡು ಬಂದಿದ್ದಾಳೆ. ಎಲ್ಲವನ್ನೂ ಒಂದು ಹಾಳೆಗೆ ಇಳಿಸಿದೆ. ಕಾಕಾಗೆ ತೋರಿಸಿದೆ, ಅವರು ಕನ್ನಡಕ ಹಾಕಿಕೊಂಡು ಪೂರ್ತಿ ಓದಿ, "ನಮ್ಮ ಮನೀದೂ ಬರಿ, ನಾನೂ ಬರ್ತೀನಿ" ಅಂದರು. ಸೋಮವಾರ ಬೆಳಿಗ್ಗೆ ನೀರು ಬಿಡುವವರ ಆಫೀಸಿಗೆ ಇಬ್ಬರೂ ಹೋಗುತ್ತಿದ್ದೇವೆ.