ಊಪ್ಸ್‌ನ ನಾಲ್ಕು ಪದ ಬಾಯಿಪಾಠ ಆದಮೇಲೆ

ನಮ್ಮ ಟೀಮಿಗೆ ಹೊಸದಾಗಿ ಸೇರುವವರಲ್ಲಿ ಹೆಚ್ಚಿನವರು ಊಪ್ಸ್, ಅಂದರೆ ಆಬ್ಜೆಕ್ಟ್ ಓರಿಯೆಂಟೆಡ್ ಪ್ರೋಗ್ರಾಮಿಂಗ್, ಓದಿಕೊಂಡೇ ಬಂದಿರುತ್ತಾರೆ. ಎನ್‌ಕ್ಯಾಪ್ಸುಲೇಶನ್, ಅಬ್‌ಸ್ಟ್ರಾಕ್ಷನ್, ಇನ್‌ಹೆರಿಟೆನ್ಸ್, ಪಾಲಿಮಾರ್ಫಿಸಂ, ನಾಲ್ಕನ್ನೂ ಒಂದೇ ಉಸಿರಿಗೆ ಹೇಳುತ್ತಾರೆ. ಉದಾಹರಣೆ ಕೊಡಿ ಅಂದರೆ ಅನಿಮಲ್ ಅನ್ನೋ ಕ್ಲಾಸ್, ಅಂದರೆ ಒಂದು ಥರದ ವಸ್ತು ಹೇಗಿರಬೇಕು ಅಂತ ಬರೆದ ಕೋಡ್, ಆ ಕ್ಲಾಸ್ ಕೆಳಗೆ ಡಾಗ್, ಅದು ಬೊಗಳುತ್ತದೆ. ಸರಿ. ಆದರೆ ಎದುರಿಗಿರುವ ಕೋಡ್‌ನಲ್ಲಿ ಎಲ್ಲಿ ಕ್ಲಾಸ್ ಬೇಕು, ಎಲ್ಲಿ ಬೇಡ ಅಂತ ಕೇಳಿದರೆ ಮಾತು ನಿಂತುಹೋಗುತ್ತದೆ. ಪಾಪ, ನಾಯಿ ಬೊಗಳಿಸುವ ಪ್ರಾಜೆಕ್ಟ್ ಕೆಲಸದಲ್ಲಿ ಯಾರಿಗೂ ಸಿಗುವುದಿಲ್ಲ ಅಲ್ವಾ.

ಕೋಡ್ ರಿವ್ಯೂ, ಅಂದರೆ ಬೇರೆಯವರು ಬರೆದ ಕೋಡ್ ಓದಿ ನೋಡುವ ಕೆಲಸ, ಮಾಡುತ್ತಾ ನನಗೆ ಗಟ್ಟಿಯಾದ ಅಭಿಪ್ರಾಯ ಇದು: ಈ ನಾಲ್ಕಕ್ಕೂ ಒಂದೇ ತೂಕ ಇಲ್ಲ. ಎನ್‌ಕ್ಯಾಪ್ಸುಲೇಶನ್ ಸರಿಯಾಗಿ ಬಂದರೆ ದಿನದ ಕೆಲಸ ಮುಕ್ಕಾಲು ಪಾಲು ಸಲೀಸು. ಹೊಸಬರು ಮಾತ್ರ ಇನ್‌ಹೆರಿಟೆನ್ಸ್‌ನಿಂದ, ಅಂದರೆ ಒಂದು ಕ್ಲಾಸ್‌ನಿಂದ ಇನ್ನೊಂದು ಕ್ಲಾಸ್ ಹುಟ್ಟಿಸುವುದರಿಂದ, ಶುರು ಮಾಡುತ್ತಾರೆ. ಅದು ಎಲ್ಲಕ್ಕಿಂತ ಕೊನೆಗೆ ಬೇಕಾಗುವ ವಿಷಯ.

ಮೀಟಿಂಗ್ ರೂಮ್ ಬುಕಿಂಗ್ ಸಾಫ್ಟ್‌ವೇರ್ ತಗೊಳ್ಳಿ, ನಾನು ಕೆಲಸ ಮಾಡಿದ ಕೋಡ್‌ಗೆ ಹತ್ತಿರದ್ದು. ಒಂದು ಬುಕಿಂಗ್ ಅಂದರೆ ಯಾವ ರೂಮ್, ಶುರುವಾಗುವ ಸಮಯ, ಮುಗಿಯುವ ಸಮಯ, ಸ್ಟೇಟಸ್. ಪೈಥಾನ್‌ನಲ್ಲಿ ಇಷ್ಟನ್ನೂ ಒಂದು ಡಿಕ್ಷನರಿಯಲ್ಲಿ, ಅಂದರೆ ಹೆಸರು ಮತ್ತು ಬೆಲೆಯ ಜೋಡಿಗಳಾಗಿ, ಇಟ್ಟು ಕೆಲಸ ಸಾಗಿಸಬಹುದು, ಮೊದಲ ಕೆಲವು ದಿನ ಅದೇ ಸುಲಭ ಕೂಡ. ಆಮೇಲೆ ಸಮಯ ಬದಲಿಸುವ ಫಂಕ್ಷನ್ ಒಂದು ಫೈಲಿನಲ್ಲಿ ಬರುತ್ತದೆ, ರದ್ದು ಮಾಡುವುದು ಇನ್ನೊಂದರಲ್ಲಿ, ಅಡ್ಮಿನ್ ಪೇಜಿಗೆ ಬೇರೆಯದೇ, ಹೊರಗಿನಿಂದ ಡೇಟಾ ತರುವ ಸ್ಕ್ರಿಪ್ಟ್ ಮತ್ತೊಂದು, ಎಲ್ಲವೂ ಆ ಡಿಕ್ಷನರಿಗೆ ನೇರವಾಗಿ ಕೈ ಹಾಕುತ್ತವೆ. ಒಂದು ದಿನ ರಿಪೋರ್ಟ್‌ನಲ್ಲಿ ಒಂದು ಮೀಟಿಂಗ್ ಮೈನಸ್ 2 ಗಂಟೆ ನಡೆದಿದೆ ಅಂತ ಬರುತ್ತದೆ. ಶುರುವಾಗುವುದಕ್ಕೆ ಮೊದಲೇ ಮುಗಿದ ಮೀಟಿಂಗ್! ಎಲ್ಲಿ ಹುಡುಕುತ್ತೀರಿ? ಎಲ್ಲ ಕಡೆ ಹುಡುಕಬೇಕು, ಯಾಕೆಂದರೆ ಯಾರು ಬೇಕಾದರೂ ಬದಲಿಸಿರಬಹುದು.

ಈಗ ಇದೇ ಡೇಟಾಗೆ ಬುಕಿಂಗ್ ಅನ್ನೋ ಕ್ಲಾಸ್ ಬರೆಯೋಣ. ಹೊಸ ಬುಕಿಂಗ್ ಹುಟ್ಟುವ ಜಾಗ ಕನ್‌ಸ್ಟ್ರಕ್ಟರ್. ಮುಗಿಯುವ ಸಮಯ ಶುರುವಿಗಿಂತ ಮುಂಚೆ ಇದ್ದರೆ ಅಲ್ಲೇ ಎರರ್ ಎಸೆಯುತ್ತೇವೆ, ಅಂಥ ಆಬ್ಜೆಕ್ಟ್ ಹುಟ್ಟುವುದೇ ಇಲ್ಲ. ಸಮಯ ಮುಂದೂಡಲು ಒಂದು ಮೆಥಡ್ (ಕ್ಲಾಸ್ ಒಳಗೆ ಬರೆದ ಫಂಕ್ಷನ್), ರದ್ದು ಮಾಡಲು ಒಂದು ಮೆಥಡ್. ರದ್ದಾದ ಬುಕಿಂಗ್‌ನ ಸಮಯ ಮುಂದೂಡುವ ಹಾಗಿಲ್ಲ ಅನ್ನೋ ನಿಯಮ ಕೂಡ ಆ ಮೆಥಡ್ ಒಳಗೇ ಇರುತ್ತದೆ. ಮೈನಸ್ 2 ಗಂಟೆ ಮತ್ತೆ ಕಂಡರೆ ನೋಡಬೇಕಾದ್ದು ಒಂದೇ ಫೈಲ್. ಡೇಟಾ ಮತ್ತು ಅದನ್ನು ಕಾಯುವ ನಿಯಮ ಒಂದೇ ಕಡೆ, ಎನ್‌ಕ್ಯಾಪ್ಸುಲೇಶನ್ ಅಂದರೆ ಇಷ್ಟೇ.

ಕ್ಲಾಸ್‌ಗೂ ಆಬ್ಜೆಕ್ಟ್‌ಗೂ ಏನು ವ್ಯತ್ಯಾಸ ಅನ್ನೋದು ಇಲ್ಲಿಂದ ಸಲೀಸಾಗಿ ಗೊತ್ತಾಗುತ್ತದೆ. ಬುಕಿಂಗ್ ಹೇಗಿರಬೇಕು ಅಂತ ಒಮ್ಮೆ ಬರೆದ ಕೋಡ್ ಕ್ಲಾಸ್. ಬೆಳಗ್ಗೆ 10 ಗಂಟೆಯದು ಒಂದು ಆಬ್ಜೆಕ್ಟ್, ಮಧ್ಯಾಹ್ನ 3ರದು ಇನ್ನೊಂದು. ಪೈಥಾನ್‌ನಲ್ಲಿ ಎಲ್ಲರನ್ನೂ ಕಾಡುವ ಸೆಲ್ಫ್ ಕೂಡ ಅಷ್ಟೇ: ಈ ಮೆಥಡ್ ಅನ್ನು ಯಾವ ಬುಕಿಂಗ್ ಮೇಲೆ ಕರೆದರು, ಆ ಬುಕಿಂಗ್.

ಒಂದು ಬಲೆ ಇದೆ. ಎಲ್ಲ ಫೀಲ್ಡ್‌ಗಳನ್ನೂ, ಅಂದರೆ ಸಮಯ, ಸ್ಟೇಟಸ್ ಥರದ ಡೇಟಾವನ್ನು, ಹೊರಗಿನವರು ಮುಟ್ಟದ ಹಾಗೆ ಪ್ರೈವೇಟ್ ಮಾಡಿ, ಆಮೇಲೆ ಐಡಿಇಯಲ್ಲಿ (ಕೋಡ್ ಬರೆಯುವ ಸಾಫ್ಟ್‌ವೇರ್) ಒಂದು ಬಟನ್ ಒತ್ತಿ ಪ್ರತಿಯೊಂದಕ್ಕೂ ಗೆಟರ್, ಸೆಟರ್, ಅಂದರೆ ಬೆಲೆ ಓದುವ ಮತ್ತು ಬದಲಿಸುವ ಮೆಥಡ್‌ಗಳನ್ನು, ಹುಟ್ಟಿಸುವುದು. ಬಾಗಿಲಿಗೆ ಬೀಗ ಹಾಕಿ ಕೀಲಿಯನ್ನು ಅದಕ್ಕೇ ನೇತುಹಾಕಿದ ಹಾಗೆ. ಸ್ಟೇಟಸ್‌ಗೆ ಸೆಟರ್ ಇದ್ದರೆ ಯಾರು ಏನು ಬೇಕಾದರೂ ತುಂಬಿಸುತ್ತಾರೆ. ರದ್ದು ಮಾಡು ಅನ್ನೋ ಮೆಥಡ್ ಇದ್ದರೆ ರದ್ದು ಮಾಡುವಾಗ ಏನೇನು ಆಗಬೇಕೋ ಅದೆಲ್ಲ ಆಗುತ್ತದೆ. ನಾನು ರಿವ್ಯೂನಲ್ಲಿ ಜಾಸ್ತಿ ಕೇಳುವ ಪ್ರಶ್ನೆ ಇದೇ: ಈ ಸೆಟರ್ ಯಾರಿಗೆ ಬೇಕು? ತುಂಬಾ ಸಲ ಉತ್ತರ, ಯಾರಿಗೂ ಬೇಡ, ಸುಮ್ನೆ ಹಾಕಿದ್ದು. ಅಂದಹಾಗೆ ಜಾವಾದಲ್ಲಿ ಪ್ರೈವೇಟ್ ಅಂದರೆ ಕಂಪೈಲರ್ ತಡೆಯುತ್ತದೆ. ಪೈಥಾನ್‌ನಲ್ಲಿ ಹೆಸರಿನ ಮುಂದೆ ಒಂದು ಅಂಡರ್‌ಸ್ಕೋರ್ ಹಾಕುವುದು ಬರೀ ಒಪ್ಪಂದ, ಮುಟ್ಟಬೇಡಿ ಅಂತ ಕೇಳಿಕೊಂಡ ಹಾಗೆ ಅಷ್ಟೇ.

ಇನ್ನೊಂದು ಪ್ರಶ್ನೆ ಇದಕ್ಕಿಂತ ಸ್ವಾರಸ್ಯದ್ದು. ಒಂದೇ ರೂಮಿಗೆ ಒಂದೇ ಸಮಯಕ್ಕೆ ಎರಡು ಬುಕಿಂಗ್ ಇರಬಾರದು. ಈ ನಿಯಮ ಎಲ್ಲಿರಬೇಕು? ಹೊಸಬರು ತಕ್ಷಣ ಬುಕಿಂಗ್ ಕ್ಲಾಸ್ ಅನ್ನುತ್ತಾರೆ. ಆದರೆ ಒಂದು ಬುಕಿಂಗ್‌ಗೆ ಉಳಿದ ಬುಕಿಂಗ್‌ಗಳ ವಿಷಯ ಹೇಗೆ ಗೊತ್ತಿರುತ್ತದೆ? ಗೊತ್ತಾಗಬೇಕಾದರೆ ಅದಕ್ಕೆ ಎಲ್ಲ ಬುಕಿಂಗ್‌ಗಳ ಲಿಸ್ಟ್ ಕೊಡಬೇಕು, ಅಲ್ಲಿಗೆ ಕ್ಲಾಸ್ ಕೆಡುತ್ತದೆ. ಲಿಸ್ಟ್ ಯಾರ ಹತ್ತಿರ ಇದೆಯೋ, ರೂಮ್ ಅಥವಾ ಕ್ಯಾಲೆಂಡರ್, ನಿಯಮವೂ ಅವರ ಹತ್ತಿರವೇ ಇರಬೇಕು. ಡಿಸೈನ್ ಚರ್ಚೆ ಅಂತ ನಾವು ಗಂಟೆಗಟ್ಟಲೆ ಕೂತು ಮಾತಾಡುವುದು ಬಹುತೇಕ ಇದನ್ನೇ. ಈ ನಿಯಮಕ್ಕೆ ಬೇಕಾದ ಮಾಹಿತಿ ಯಾರ ಕೈಯಲ್ಲಿದೆ?

ಪುಸ್ತಕದಲ್ಲಿ ಒಂದು ಸಾಲಿನಲ್ಲಿ ಮುಗಿಸಿ, ಕೆಲಸದಲ್ಲಿ ಅರ್ಧ ದಿನ ತಿನ್ನುವ ವಿಷಯವೂ ಒಂದಿದೆ. ವೇರಿಯಬಲ್‌ನಲ್ಲಿ ಇರುವುದು ಆಬ್ಜೆಕ್ಟ್ ಅಲ್ಲ, ಅದಕ್ಕೊಂದು ರೆಫರೆನ್ಸ್, ಅದು ಎಲ್ಲಿದೆ ಅಂತ ತೋರಿಸುವ ಗುರುತು. ಜಾವಾ, ಪೈಥಾನ್ ಎರಡರಲ್ಲೂ ಹೀಗೇ. ಒಂದು ಬುಕಿಂಗ್ ಅನ್ನು ಇನ್ನೊಂದು ವೇರಿಯಬಲ್‌ಗೆ ಅಸೈನ್ ಮಾಡಿದರೆ ಕಾಪಿ ಆಗುವುದಿಲ್ಲ, ಎರಡು ಹೆಸರು, ಆಬ್ಜೆಕ್ಟ್ ಒಂದೇ. ಒಂದರ ಮೂಲಕ ಸಮಯ ಬದಲಿಸಿದರೆ ಇನ್ನೊಂದರಲ್ಲೂ ಬದಲಾಗಿರುತ್ತದೆ. ಪೈಥಾನ್‌ನಲ್ಲಿ ಇದರದೇ ಇನ್ನೊಂದು ರೂಪ: ಬರುವವರ ಖಾಲಿ ಲಿಸ್ಟ್ ಅನ್ನು ಕನ್‌ಸ್ಟ್ರಕ್ಟರ್ ಒಳಗೆ ಬರೆಯದೆ ನೇರವಾಗಿ ಕ್ಲಾಸ್ ಕೆಳಗೆ ಬರೆದರೆ ಎಲ್ಲ ಬುಕಿಂಗ್‌ಗಳೂ ಆ ಒಂದೇ ಲಿಸ್ಟ್ ಹಂಚಿಕೊಳ್ಳುತ್ತವೆ. ಒಂದು ಮೀಟಿಂಗಿಗೆ ಒಬ್ಬರನ್ನು ಸೇರಿಸಿದರೆ ಅವರು ಎಲ್ಲ ಮೀಟಿಂಗಿಗೂ ಹಾಜರ್. ಟೆಸ್ಟ್‌ನಲ್ಲಿ ಒಂದೇ ಆಬ್ಜೆಕ್ಟ್ ಮಾಡಿ ನೋಡಿದರೆ ಈ ಬಗ್ ಕಾಣುವುದೇ ಇಲ್ಲ. ಎರಡು ಮಾಡಿ ನೋಡಿ.

ಪಾಲಿಮಾರ್ಫಿಸಂ ಹೆಸರು ದೊಡ್ಡದು, ವಿಷಯ ಸಣ್ಣದು. ಮೀಟಿಂಗ್ ನೆನಪಿಸಲು ಇಮೇಲ್, ಎಸ್‌ಎಮ್‌ಎಸ್, ಆ್ಯಪ್ ನೋಟಿಫಿಕೇಶನ್ ಇವೆ. ಇಮೇಲ್ ಆದರೆ ಹೀಗೆ, ಎಸ್‌ಎಮ್‌ಎಸ್ ಆದರೆ ಹಾಗೆ ಅಂತ ಇಫ್-ಎಲ್ಸ್ ಸರಪಳಿ ಬರೆಯುತ್ತೇವೆ. ಒಂದೇ ಕಡೆ ಇದ್ದರೆ ನನಗೇನೂ ತಕರಾರಿಲ್ಲ, ಅದಕ್ಕೆ ಕ್ಲಾಸ್ ಬೇಡವೇ ಬೇಡ. ಅದೇ ಸರಪಳಿ ಕಳುಹಿಸುವಾಗ ಒಮ್ಮೆ, ಮತ್ತೆ ಪ್ರಯತ್ನಿಸುವಾಗ ಒಮ್ಮೆ, ಲಾಗ್ ಬರೆಯುವಾಗ ಒಮ್ಮೆ ಕಂಡರೆ ಆಗ ಯೋಚಿಸಿ. ಪ್ರತಿಯೊಂದಕ್ಕೂ ಒಂದು ಕ್ಲಾಸ್, ಎಲ್ಲದರಲ್ಲೂ ಕಳುಹಿಸು ಅನ್ನೋ ಒಂದೇ ಹೆಸರಿನ ಮೆಥಡ್, ಪಾಲಿಮಾರ್ಫಿಸಂ ಅಂದರೆ ಇದೇ. ಕರೆಯುವ ಕೋಡ್‌ಗೆ ಎದುರಿಗಿರುವುದು ಯಾವುದು ಅಂತ ಗೊತ್ತಿರಬೇಕಾಗಿಲ್ಲ, ಅಬ್‌ಸ್ಟ್ರಾಕ್ಷನ್ ಅನ್ನುವುದು ಇದನ್ನೇ. ಟೆಸ್ಟ್ ಬರೆಯುವಾಗ ಏನನ್ನೂ ಕಳುಹಿಸದ ಡಮ್ಮಿ ಕ್ಲಾಸ್ ಒಂದನ್ನು ಕೂರಿಸಬಹುದು. ನನಗಂತೂ ಇದರ ನಿಜವಾದ ಲಾಭ ಅಲ್ಲೇ ಕಂಡದ್ದು.

ಇನ್ನು ಇನ್‌ಹೆರಿಟೆನ್ಸ್. ಪ್ರತಿ ಸೋಮವಾರ ನಡೆಯುವ ಮೀಟಿಂಗ್ ಕೂಡ ಒಂದು ಬುಕಿಂಗ್ ತಾನೇ ಅಂತ ಬುಕಿಂಗ್‌ನಿಂದ ರಿಕರಿಂಗ್ ಬುಕಿಂಗ್ ಅನ್ನೋ ಸಬ್‌ಕ್ಲಾಸ್ ಮಾಡಲು ಎಲ್ಲರಿಗೂ ಮನಸ್ಸಾಗುತ್ತದೆ. ಈಗ ರದ್ದು ಮಾಡು ಅಂದರೆ ಏನು? ಈ ವಾರದ್ದೋ, ಎಲ್ಲ ವಾರದ್ದೋ? ಶುರುವಾಗುವ ಸಮಯ ಅಂದರೆ ಯಾವ ಸೋಮವಾರದ್ದು? ಪೇರೆಂಟ್ ಕ್ಲಾಸ್ ಕೊಟ್ಟ ಮಾತನ್ನು ಸಬ್‌ಕ್ಲಾಸ್ ಉಳಿಸಿಕೊಳ್ಳಲು ಆಗುತ್ತಿಲ್ಲ. ಪೇರೆಂಟ್ ಇರುವ ಜಾಗದಲ್ಲಿ ಸಬ್‌ಕ್ಲಾಸ್ ಇಟ್ಟರೂ ಪ್ರೋಗ್ರಾಂ ಸರಿಯಾಗಿ ನಡೆಯಬೇಕು ಅನ್ನೋ ವಿಚಾರವನ್ನು ಕಂಪ್ಯೂಟರ್ ವಿಜ್ಞಾನಿ ಬಾರ್ಬರಾ ಲಿಸ್ಕೋವ್ 1987ರಲ್ಲೇ ಒಂದು ಭಾಷಣದಲ್ಲಿ ಮುಂದಿಟ್ಟಿದ್ದರು. ಇಲ್ಲಿ ಸರಣಿ ಅನ್ನೋ ಬೇರೆಯೇ ಕ್ಲಾಸ್ ಮಾಡಿ, ಅದರೊಳಗೆ ಬುಕಿಂಗ್‌ಗಳ ಲಿಸ್ಟ್ ಇಟ್ಟರೆ ಗೊಂದಲವೇ ಇಲ್ಲ. ಇದಕ್ಕೆ ಕಾಂಪೊಸಿಶನ್ ಅನ್ನುತ್ತಾರೆ.

ದೊಡ್ಡವರೂ ಇದರಲ್ಲಿ ಎಡವಿದ್ದಾರೆ. ಜಾವಾದ ಸ್ಟ್ಯಾಕ್ ಕ್ಲಾಸ್ ನೋಡಿ, ಅದು ಲಿಸ್ಟ್ ಥರದ ವೆಕ್ಟರ್ ಕ್ಲಾಸ್‌ನಿಂದ ಇನ್‌ಹೆರಿಟ್ ಆಗಿದೆ. ಸ್ಟ್ಯಾಕ್ ಅಂದಮೇಲೆ ಮೇಲಿನಿಂದ ಇಡಬೇಕು, ಮೇಲಿನಿಂದಲೇ ತೆಗೆಯಬೇಕು. ಆದರೆ ವೆಕ್ಟರ್‌ನ ಎಲ್ಲ ಮೆಥಡ್‌ಗಳೂ ಬಂದುಬಿಟ್ಟಿವೆ, ಹಾಗಾಗಿ ಮಧ್ಯದಲ್ಲೂ ತುರುಕಬಹುದು. ಹಳೆಯ ಕೋಡ್ ಮುರಿಯಬಾರದು ಅಂತ ಅದನ್ನು ಈಗಲೂ ಹಾಗೇ ಬಿಟ್ಟಿದ್ದಾರೆ. ಹೊಸ ಕೋಡ್‌ಗೆ ಇದರ ಬದಲು ಡೆಕ್ (Deque) ಇಂಟರ್‌ಫೇಸ್ ಬಳಸಿ ಅಂತ ಜಾವಾ ಡಾಕ್ಯುಮೆಂಟೇಶನ್ನೇ ಹೇಳುತ್ತದೆ.

ಹಾಗಂತ ಇನ್‌ಹೆರಿಟೆನ್ಸ್ ಕೆಟ್ಟದ್ದು ಅನ್ನುತ್ತಿಲ್ಲ. ಈ ಐಡಿಯಾ ಬಂದದ್ದು ಸಿಮುಲಾ ಭಾಷೆಯಿಂದ, 1960ರ ದಶಕದಲ್ಲಿ, ನಾರ್ವೆಯಲ್ಲಿ ಓಲೆ ಯೋಹಾನ್ ಡಾಲ್ ಮತ್ತು ಕ್ರಿಸ್ಟೆನ್ ನ್ಯೂಗಾರ್ಡ್ ಮಾಡಿದ್ದು. ಅವರ ಉದ್ದೇಶ ನಿಜ ಜಗತ್ತಿನ ವ್ಯವಸ್ಥೆಗಳ ಸಿಮ್ಯುಲೇಶನ್, ಅಲ್ಲಿ ಒಂದೇ ಜಾತಿಯ ವಸ್ತುಗಳು ನಿಜವಾಗಿಯೂ ಜಾಸ್ತಿ ಇದ್ದವು. ಫ್ರೇಮ್‌ವರ್ಕ್‌ಗಳಲ್ಲೂ, ಅಂದರೆ ನಮ್ಮ ಕೋಡ್ ಕೂರಿಸಲು ಮೊದಲೇ ಸಿದ್ಧವಾಗಿರುವ ಚೌಕಟ್ಟುಗಳಲ್ಲೂ, ಇನ್‌ಹೆರಿಟೆನ್ಸ್ ಚೆನ್ನಾಗಿ ಒದಗುತ್ತದೆ. ಎರಡು ಕ್ಲಾಸ್‌ಗಳಲ್ಲಿ ಮೂರು ಸಾಲು ಕೋಡ್ ಒಂದೇ ಥರ ಇದೆ ಅಂತ ಅವಕ್ಕೊಂದು ಪೇರೆಂಟ್ ಹುಟ್ಟಿಸುವುದಿದೆಯಲ್ಲ, ನನ್ನ ತಕರಾರು ಅದಕ್ಕೆ.

ಕಲಿಯುತ್ತಿರುವವರು ಇದನ್ನು ತಮ್ಮದೇ ಕೋಡ್ ಮೇಲೆ ನೋಡಬಹುದು. ನೀವು ಬರೆದ ಯಾವುದಾದರೂ ಸಣ್ಣ ಪ್ರೋಗ್ರಾಂ ತೆರೆಯಿರಿ. ಮುಖ್ಯವಾದ ಒಂದು ಫೀಲ್ಡ್ ಆರಿಸಿ, ಅದಕ್ಕೆ ಎಲ್ಲೆಲ್ಲಿ ಬೆಲೆ ಕೊಡುತ್ತಿದ್ದೀರಿ ಅಂತ ಸರ್ಚ್ ಮಾಡಿ. ಒಂದೇ ಕಡೆ ಸಿಕ್ಕಿದರೆ ಬಿಟ್ಟುಬಿಡಿ. ಐದಾರು ಫೈಲ್‌ಗಳಲ್ಲಿ ಸಿಕ್ಕಿದರೆ ಮೊದಲ ಕ್ಲಾಸ್ ಬರೆಯುವ ಜಾಗ ಅದೇ.