ಜೇಬಿಲ್ಲದವಳಿಗೊಂದು ಜೇಬುಚಾಕು

ಜಿನೀವಾದಲ್ಲಿ ಕೆಲಸದಲ್ಲಿರುವ ಅಣ್ಣನ ಮಗ ಈ ಸಲ ಮೇ ತಿಂಗಳ ಕೊನೆಯಲ್ಲಿ ಊರಿಗೆ ಬಂದವನು ಎರಡು ಮಡಚುವ ಚಾಕುಗಳನ್ನು ನನ್ನ ಮುಂದಿಟ್ಟು, "ಅತ್ತೆ, ನಾನು ಹೊರಡುವವರೆಗೆ ಎರಡನ್ನೂ ಬಳಸಿ ನೋಡು. ಒಂದು ನಿನಗೆ, ಉಳಿದದ್ದು ನನಗೆ" ಎಂದ. ಒಂದು ಫ್ರಾನ್ಸಿನ ಒಪಿನೆಲ್ ಕಂಪನಿಯ 8ನೇ ನಂಬರಿನ ಚಾಕು, ಮರದ ಹಿಡಿಯದು. ಇನ್ನೊಂದು ಸ್ವಿಟ್ಜರ್ಲೆಂಡಿನ ವಿಕ್ಟೋರಿನಾಕ್ಸ್ ಕಂಪನಿಯ ಫಾರ್ಮರ್ ಎಂಬ ಮಾದರಿ, ಬೆಳ್ಳಿಯ ಬಣ್ಣದ ಅಲ್ಯೂಮಿನಿಯಂ ಹಿಡಿಯದು. ಅವನು ಜುಲೈ ಮಧ್ಯದವರೆಗೆ ಇಲ್ಲಿದ್ದುದರಿಂದ ಪರೀಕ್ಷೆಗೆ ಬಿಸಿಲಿನ ಹದಿನೈದು ದಿನವೂ ಮಳೆಯ ಒಂದು ತಿಂಗಳೂ ಸಿಕ್ಕವು. ಮಲೆನಾಡಿನಲ್ಲಿ ಯಾವ ಸಾಮಾನನ್ನೇ ಆಗಲಿ ಒಣ ದಿನಗಳಲ್ಲಿ ಮಾತ್ರ ನೋಡಿ ಒಪ್ಪಿಕೊಳ್ಳುವುದು ಜಾಣತನವಲ್ಲ.

ಮೊದಲಿಗೆ ಒಂದು ತೊಡಕನ್ನು ಹೇಳಿಬಿಡಬೇಕು. ಇವುಗಳ ಹೆಸರೇ ಜೇಬುಚಾಕು; ನನ್ನ ಸೀರೆಗಾಗಲಿ, ತೋಟಕ್ಕೆ ಹೋಗುವಾಗ ತೊಡುವ ಚೂಡಿದಾರಕ್ಕಾಗಲಿ ಜೇಬಿಲ್ಲ. ಇಂಥ ಚಾಕುಗಳ ಬಗ್ಗೆ ಬರೆಯುವವರೆಲ್ಲ ಪ್ಯಾಂಟಿನ ಜೇಬಿನಲ್ಲಿ ಅದು ಎಷ್ಟು ಭಾರವೆನಿಸುತ್ತದೆ, ಎಷ್ಟು ಉಬ್ಬಿ ಕಾಣುತ್ತದೆ ಎಂದು ಚರ್ಚಿಸುತ್ತಾರೆ. ನನಗೆ ಬೇಕಾಗಿದ್ದುದು ಸೊಂಟಕ್ಕೆ ಸಿಕ್ಕಿಸುವ ಬೀಗದ ಕೈ ಗೊಂಚಲಿನಲ್ಲಿ ತೂಗಬಲ್ಲ, ಎರಡೂ ಕೈ ಒದ್ದೆಯಿರುವಾಗಲೂ ಬಿಚ್ಚಲು ಬರುವ ಚಾಕು. ಕಾಳುಮೆಣಸಿನ ಬಳ್ಳಿ ಕಟ್ಟುವಾಗ ಸುತಳಿ ಕತ್ತರಿಸುವುದು, ಗೊಬ್ಬರದ ಚೀಲದ ಬಾಯಿ ಬಿಚ್ಚುವುದು, ಬಾಳೆ ಎಲೆ ಕೊಯ್ಯುವುದು, ಅಡಿಕೆ ಹಾಳೆಯ ಅಂಚು ತೆಗೆಯುವುದು, ಹಬ್ಬಿದ ಗಿಡದ ಬೆರಳು ದಪ್ಪದ ಟಿಸಿಲು ಸವರುವುದು, ದಾರಿಯಲ್ಲಿ ಬಿದ್ದ ಮಾವಿನಹಣ್ಣಿನ ಹುಳುಕನ್ನು ಕೆತ್ತಿ ಬಿಸುಟು ಉಳಿದುದನ್ನು ತಿನ್ನುವುದು, ಇಷ್ಟೇ ನನ್ನ ಕೆಲಸ. ದೊಡ್ಡದಕ್ಕೆಲ್ಲ ಕತ್ತಿಯಿದೆ, ಅಡುಗೆಮನೆಗೆ ಮೆಟ್ಟುಗತ್ತಿಯಿದೆ.

ಒಪಿನೆಲ್ ಹುಟ್ಟಿದ್ದು ಆಲ್ಪ್ಸ್ ಪರ್ವತದ ಸವೊಯ್ ಸೀಮೆಯಲ್ಲಿ, 1890ರಲ್ಲಿ. ಜೋಸೆಫ್ ಒಪಿನೆಲ್ ಎಂಬವನ ಮನೆತನಕ್ಕೆ ಕೊಡಲಿ, ಕುಡುಗೋಲುಗಳಂಥ ರೈತಾಪಿ ಹತ್ಯಾರು ಮಾಡುವ ಕಸುಬಿತ್ತು. ಅವನು ಅದೇ ಕುಲುಮೆಯಲ್ಲಿ ಊರಿನ ರೈತರಿಗೆಂದು ಅಗ್ಗದ ಮಡಚುವ ಚಾಕು ಮಾಡಿದ. 1897ರ ಹೊತ್ತಿಗೆ ಅದು 1ರಿಂದ 12ರವರೆಗೆ ನಂಬರು ಹೊತ್ತ ಹನ್ನೆರಡು ಅಳತೆಗಳಲ್ಲಿ ಬರುತ್ತಿತ್ತು. ಮುಂದೆ 1 ಮತ್ತು 11 ನಿಂತುಹೋದವು. ನನಗೆ ಸಿಕ್ಕ 8ರ ಅಲಗು 8.5 ಸೆಂಟಿಮೀಟರ್ ಉದ್ದ, ಇಡೀ ಚಾಕುವಿನ ತೂಕ 50 ಗ್ರಾಮನ್ನು ಮೀರುವುದಿಲ್ಲ. ಇದರ ಕಟ್ಟಣೆ ನೋಡಿದರೆ ನಮ್ಮೂರ ಆಚಾರಿಯೂ ಇದನ್ನು ಮಾಡಿಯಾನು ಅನಿಸುತ್ತದೆ: ಬೀಚ್ ಎಂಬ ಮರದ ಹಿಡಿ, ಅದಕ್ಕೊಂದು ಸೀಳು, ಸೀಳಿನೊಳಗೆ ಅಲಗು, ಅಡ್ಡಕ್ಕೊಂದು ಮೊಳೆ, ಮರ ಬಿರಿಯದಂತೆ ಹೊರಗೊಂದು ಲೋಹದ ಪಟ್ಟಿ. 1955ರಲ್ಲಿ ಇದರ ಮೇಲೆ ತಿರುಗುವ ಬಳೆಯೊಂದು ಸೇರಿತು. ಅಲಗು ಬಿಚ್ಚಿದ ಮೇಲೆ ಬಳೆಯನ್ನು ಹೆಬ್ಬೆರಳಿನಿಂದ ತಿರುಗಿಸಿದರೆ ಸೀಳು ಮುಚ್ಚಿಕೊಂಡು ಅಲಗು ಹಿಂದಕ್ಕೆ ಮಡಚದಂತೆ ನಿಲ್ಲುತ್ತದೆ. ಒಳಗೆ ಸ್ಪ್ರಿಂಗ್ ಇಲ್ಲ. ನೂರಮೂವತ್ತು ವರ್ಷಗಳಲ್ಲಿ ಆ ಬಳೆಯೊಂದನ್ನು ಬಿಟ್ಟರೆ ಮೂಲ ರೂಪ ಹೆಚ್ಚು ಬದಲಾಗಿಲ್ಲ. ಅಲಗಿನ ಮೇಲಿನ ಮುದ್ರೆ ಕಿರೀಟ ಹೊತ್ತ ಕೈ, 1909ರಲ್ಲಿ ನೋಂದಣಿಯಾದದ್ದು.

ವಿಕ್ಟೋರಿನಾಕ್ಸ್‌ನ ಕತೆ ಇದಕ್ಕಿಂತ ಸಿಕ್ಕುಸಿಕ್ಕಾದದ್ದು. ಕಾರ್ಲ್ ಎಲ್ಸೆನರ್ 1884ರಲ್ಲಿ ಸ್ವಿಟ್ಜರ್ಲೆಂಡಿನ ಇಬಾಖ್ ಎಂಬಲ್ಲಿ ಚಾಕುವಿನ ಕಾರ್ಖಾನೆ ತೆರೆದ. ಆಗ ಸ್ವಿಸ್ ಸೈನಿಕರ ಚಾಕು ಜರ್ಮನಿಯ ಜೋಲಿಂಗನ್ನಿನಿಂದ ಬರುತ್ತಿತ್ತು. ಅದನ್ನು ದೇಶದಲ್ಲೇ ಮಾಡಬೇಕೆಂಬ ಹಟಕ್ಕೆ ಬಿದ್ದು ಇತರ ಕಸುಬುದಾರರನ್ನು ಕೂಡಿಸಿಕೊಂಡು 1891ರಲ್ಲಿ ಸೈನ್ಯಕ್ಕೆ ಮೊದಲ ಕಂತು ಒಪ್ಪಿಸಿದ. ಜರ್ಮನರು ಇನ್ನೂ ಅಗ್ಗಕ್ಕೆ ಕೊಡಬಲ್ಲವರಾಗಿದ್ದುದರಿಂದ ಜೊತೆಗಾರರು ಕೈಬಿಟ್ಟರು, ಇವನು ಸಾಲದಲ್ಲಿ ಮುಳುಗಿದ, ನೆಂಟರು ಎತ್ತಿಹಿಡಿದರು. 1897ರಲ್ಲಿ ಪೇಟೆಂಟ್ ಪಡೆದ ಅಧಿಕಾರಿಗಳ ಚಾಕು ಅವನನ್ನು ಉಳಿಸಿತು. ಅದರ ಜಾಣ್ಮೆ ಇರುವುದು ಬೆನ್ನಿನ ಸ್ಪ್ರಿಂಗಿನಲ್ಲಿ: ಒಂದೇ ಪಟ್ಟಿ ಒಂದು ಮಗ್ಗುಲಿನ ಅಲಗನ್ನೂ ಇನ್ನೊಂದು ಮಗ್ಗುಲಿನ ಉಪಕರಣವನ್ನೂ ಒತ್ತಿ ಹಿಡಿಯುತ್ತದೆ, ಹೀಗಾಗಿ ದಪ್ಪ ಹೆಚ್ಚದೆ ಉಪಕರಣಗಳ ಸಂಖ್ಯೆ ಹೆಚ್ಚಿತು. 1909ರಲ್ಲಿ ತಾಯಿ ವಿಕ್ಟೋರಿಯಾ ತೀರಿಕೊಂಡಾಗ ಅವನು ಅವಳ ಹೆಸರನ್ನು ಚಾಕುವಿಗೆ ಇಟ್ಟ. 1921ರಲ್ಲಿ ತುಕ್ಕು ಹಿಡಿಯದ ಉಕ್ಕು ಬಂದಾಗ ಅದರ ಫ್ರೆಂಚ್ ಹೆಸರಿನ ತುಂಡು 'ಇನಾಕ್ಸ್' ಅದಕ್ಕೆ ಅಂಟಿಕೊಂಡಿತು. ಒಂದೇ ಹೆಸರಿನಲ್ಲಿ ಅರ್ಧ ತಾಯಿ, ಅರ್ಧ ಸ್ಟೀಲು!

ಬ್ರ್ಯಾಂಡುಗಳ ನಿಜವಾದ ಪೈಪೋಟಿ ಇದ್ದದ್ದು ಈ ಎರಡರ ನಡುವೆ ಅಲ್ಲ. ಸ್ವಿಸ್ ಸೈನ್ಯಕ್ಕೆ ಜರ್ಮನ್ ಮಾತಾಡುವ ಕಡೆಯಿಂದ ಎಲ್ಸೆನರ್, ಫ್ರೆಂಚ್ ಮಾತಾಡುವ ಜೂರಾ ಕಡೆಯಿಂದ ವೆಂಗರ್, ಹೀಗೆ ಇಬ್ಬರು ಚಾಕು ಕೊಡುತ್ತಿದ್ದರು. ಯಾವ ಸೀಮೆಗೂ ಮುನಿಸು ಬಾರದಿರಲೆಂದು 1908ರಲ್ಲಿ ಸರಕಾರ ಖರೀದಿಯನ್ನು ಸಮನಾಗಿ ಹಂಚಿತು. ತಾನೇ ಮೂಲದ್ದು ಎಂದು ಒಬ್ಬರು, ತಾನೇ ಅಸಲಿ ಎಂದು ಇನ್ನೊಬ್ಬರು ಹೇಳಿಕೊಳ್ಳುತ್ತ ಬಂದರು. 2001ರ ಸೆಪ್ಟೆಂಬರ್ ದಾಳಿಯ ನಂತರ ವಿಮಾನದೊಳಗೆ ಚಾಕು ನಿಷಿದ್ಧವಾಗಿ, ನಿಲ್ದಾಣದ ಅಂಗಡಿಗಳ ವ್ಯಾಪಾರ ಬಿದ್ದುಹೋದಾಗ ವೆಂಗರ್ ತಡೆದುಕೊಳ್ಳಲಿಲ್ಲ. 2005ರಲ್ಲಿ ವಿಕ್ಟೋರಿನಾಕ್ಸ್ ಅದನ್ನು ಕೊಂಡಿತು, 2013ರಲ್ಲಿ ಚಾಕುವಿನ ಮೇಲಿಂದ ಆ ಹೆಸರನ್ನು ತೆಗೆಯುವುದಾಗಿ ಸಾರಿತು. ಆದ್ದರಿಂದ ಇಂದು ಕೊಳ್ಳುವವರ ಮುಂದಿರುವ ಪ್ರಶ್ನೆ ಸ್ವಿಸ್ಸರಲ್ಲಿ ಯಾರು ಎಂಬುದಲ್ಲ. ಒಂದೇ ಅಲಗಿನ ಸರಳ ಚಾಕುವೋ, ಹಲವು ಉಪಕರಣಗಳ ಚಾಕುವೋ ಎಂಬುದು.

ಕತ್ತರಿಸುವುದರಲ್ಲಿ ಒಪಿನೆಲ್ ಮೇಲು. ಇದರಲ್ಲಿ ನನಗೆ ಅನುಮಾನವೇ ಇಲ್ಲ. ಅದರ ಅಲಗಿನ ಬೆನ್ನು ಎರಡು ಮಿಲಿಮೀಟರಿಗಿಂತ ತೆಳು, ಅಲ್ಲಿಂದ ಬಾಯಿಯವರೆಗೆ ಅದು ತುಸು ಉಬ್ಬಿಕೊಂಡೇ ನವಿರಾಗಿ ಇಳಿಯುತ್ತದೆ. ಫಾರ್ಮರಿನ ಅಲಗು ಎರಡು ಮಿಲಿಮೀಟರಿಗಿಂತ ದಪ್ಪ. ಸೌತೆಕಾಯಿಯನ್ನು ಒಪಿನೆಲ್ಲಿನಿಂದ ಕೊಯ್ದರೆ ಬಿಲ್ಲೆ ಬಿಲ್ಲೆಯಾಗಿ ಬೀಳುತ್ತದೆ. ಫಾರ್ಮರಿನಲ್ಲಿ ಕೊಯ್ದರೆ ಕೊನೆಗೆ ಚಟ್ ಎಂದು ಸೀಳುತ್ತದೆ. ಕಸಿ ಕಟ್ಟಲು ಎರಡೂ ಸಲ್ಲವು, ಅದಕ್ಕೆ ಒಂದೇ ಮಗ್ಗುಲು ಮಸೆದ ಅಲಗು ಬೇಕು; ಎರಡೂ ಮಗ್ಗುಲು ಇಳಿಜಾರಿರುವ ಅಲಗಿನಿಂದ ಕಸಿಕಡ್ಡಿಯ ಮುಖ ಸಮತಟ್ಟಾಗುವುದಿಲ್ಲ, ಜೋಡಿಸಿದಾಗ ನಡುವೆ ಸಂದು ಉಳಿಯುತ್ತದೆ.

ಇನ್ನು ಉಕ್ಕಿನ ಮಾತು. ಒಪಿನೆಲ್ ಎರಡು ಬಗೆಯ ಉಕ್ಕಿನಲ್ಲಿ ಸಿಗುತ್ತದೆ, ನನಗೆ ಬಂದದ್ದು ತುಕ್ಕು ಹಿಡಿಯುವ ಹಳೆಯ ಬಗೆ. ಅದರಲ್ಲಿ ಇಂಗಾಲ ಸುಮಾರು ಶೇಕಡಾ 0.9ರಷ್ಟಿದೆ, ಕ್ರೋಮಿಯಂ ಲೆಕ್ಕಕ್ಕೆ ಹಿಡಿಯುವಷ್ಟಿಲ್ಲ. ನಮ್ಮ ಮಸೆಗಲ್ಲಿನ ಮೇಲೆ ನಾಲ್ಕು ಸಲ ಎಳೆದರೆ ಕೈಮೇಲಿನ ಕೂದಲು ತೆಗೆಯುವಷ್ಟು ಹರಿತವಾಗುತ್ತದೆ. ಫಾರ್ಮರಿನದು ತುಕ್ಕು ತಡೆಯುವ ಉಕ್ಕು, ಗಡಸುತನ ರಾಕ್‌ವೆಲ್ ಮಾಪನದಲ್ಲಿ 56. ಅದೂ ಬೇಗ ಹರಿತವಾಗುತ್ತದೆ, ಮೊಂಡಾಗುವುದೂ ತುಸು ಬೇಗ. ಹಳೆಯ ಬಗೆಯ ಉಕ್ಕಿಗೆ ಹುಳಿ ತಾಗಿದರೆ ಬಣ್ಣ ತಿರುಗುತ್ತದೆ. ಒಮ್ಮೆ ಹಸಿ ಅಡಿಕೆ ಸೀಳಿ ಒರೆಸದೆ ಇಟ್ಟೆ, ಅಲಗು ಶಾಯಿ ಬಳಿದಂತೆ ಕಪ್ಪಾಯಿತು. ಇದು ಚಾಕುವಿನ ದೋಷವಲ್ಲ; ಅಡಿಕೆಯ ಚೊಗರು ಕಬ್ಬಿಣದೊಡನೆ ಸೇರಿದರೆ ಆಗುವುದೇ ಹಾಗೆ, ಹಳೆಯ ಕಾಲದ ಬರೆಯುವ ಶಾಯಿಯನ್ನೂ ಚೊಗರು ಮತ್ತು ಕಬ್ಬಿಣದ ಉಪ್ಪಿನಿಂದಲೇ ಮಾಡುತ್ತಿದ್ದರು. ಆ ಕಪ್ಪು ಪದರ ಕೂತ ಮೇಲೆ ಕೆಂಪು ತುಕ್ಕು ಬರುವುದು ಕಡಿಮೆಯಾಗುತ್ತದೆ. ಯುರೋಪಿನಲ್ಲಿ ಕೆಲವರು ಹೊಸ ಅಲಗನ್ನು ಗಟ್ಟಿ ಚಹಾದಲ್ಲಿ ಅದ್ದಿಟ್ಟು ಬೇಕೆಂದೇ ಕಪ್ಪು ಮಾಡಿಕೊಳ್ಳುತ್ತಾರೆ.

ತುಕ್ಕು ಹಿಡಿಯುವ ಉಕ್ಕಿಗೆ ಮಾತ್ರ ಒಗ್ಗುವ ಒಂದು ಕೆಲಸವೂ ನಮ್ಮ ತೋಟದಲ್ಲಿದೆ. ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣಕ್ಕೆ 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಅಂದರೆ ತಾಮ್ರದ ಉಪ್ಪು, ಒಂದು ಕಿಲೋ ಸುಣ್ಣ. ಸುಣ್ಣ ಸಾಲದೆ ಹೋದರೆ ಎಳೆಕಾಯಿ ಸುಡುತ್ತದೆ. ಹದ ನೋಡಲು ತಿಕ್ಕಿ ಬೆಳಗಿದ ಕತ್ತಿಯನ್ನು ಒಂದು ನಿಮಿಷ ಅದ್ದುತ್ತೇವೆ: ಕಬ್ಬಿಣದ ಮೇಲೆ ತಾಮ್ರದ ಕೆಂಪು ಹತ್ತಿದರೆ ಇನ್ನಷ್ಟು ಸುಣ್ಣ ಬೇಕೆಂದು ಅರ್ಥ. ಕಪ್ಪು ಉಜ್ಜಿದ ಮೂಲೆಯೊಂದನ್ನು ಅದ್ದಿ ಈ ಬಾರಿ ಒಪಿನೆಲ್ಲಿನಲ್ಲೇ ಪರೀಕ್ಷೆ ಮಾಡಿದೆ, ಚೆನ್ನಾಗಿ ತೋರಿಸಿತು. ಫ್ರಾನ್ಸಿನ ದ್ರಾವಣ, ಫ್ರಾನ್ಸಿನದೇ ಚಾಕು ಎಂದು ಮಾಣಿ, ಅದೇ ಅಣ್ಣನ ಮಗ, ನಕ್ಕ. ಫಾರ್ಮರಿನ ಉಕ್ಕನ್ನು ಈ ಕೆಲಸಕ್ಕೆ ನಂಬಲಾಗದು. ಆದರೆ ಇಷ್ಟಕ್ಕೆಂದು ಚಾಕು ಆರಿಸುವಂತಿಲ್ಲ, ಕೊಟ್ಟಿಗೆಯ ಹಳೆಯ ಕುಡುಗೋಲು ಇದನ್ನೇ ಮಾಡುತ್ತದೆ.

ಒಪಿನೆಲ್ಲಿನ ವಿರುದ್ಧ ನಿಲ್ಲುವುದು ಉಕ್ಕಲ್ಲ, ಮರ. ಬೀಚ್ ಮರ ನೀರು ಕುಡಿದು ಉಬ್ಬುವ ಜಾತಿಯದು, ಉಬ್ಬಿದಾಗ ಸೀಳು ಅಲಗನ್ನು ಬಿಗಿಯಾಗಿ ಕಚ್ಚಿಕೊಳ್ಳುತ್ತದೆ. ಇದು ಅದರ ತವರಿನವರಿಗೂ ಗೊತ್ತು. ಹಿಡಿಯ ತುದಿಯನ್ನು ಕಲ್ಲಿಗೋ ಮೇಜಿಗೋ ಟಕ್ ಎಂದು ಕುಟ್ಟಿ ಅಲಗನ್ನು ಹೊರಗೆ ಜಾರಿಸುವ ಉಪಾಯಕ್ಕೆ ಸವೊಯ್‌ನವರ ಏಟು ಎಂಬ ಹೆಸರೇ ಇದೆ. ಸವೊಯ್‌ನಲ್ಲಿ ಅದು ಅಪರೂಪಕ್ಕೊಮ್ಮೆ ಬೇಕಾಗುವ ಉಪಾಯವಿರಬಹುದು. ಆಷಾಢದಲ್ಲಿ ಬಟ್ಟೆಯೇ ನಾಲ್ಕು ದಿನ ಒಣಗದ ನಮ್ಮ ಕಡೆ ಅದು ನಿತ್ಯದ ಪಾಡಾದೀತು. ಹಿಡಿಗೆ ಎಣ್ಣೆ ಕುಡಿಸಬಹುದು, ಸೀಳನ್ನು ಒಳಗಿಂದ ತುಸು ಉಜ್ಜಿ ಅಗಲ ಮಾಡಬಹುದು. ಹಾಗೆ ಮಾಡಿದರೆ ಬೇಸಿಗೆಯಲ್ಲಿ ಅಲಗು ಲೊಡಲೊಡನೆ ಅಲುಗುತ್ತದೆ. ತುಕ್ಕು ಹಿಡಿಯದ ಬಗೆಯನ್ನು ಕೊಂಡರೂ ಹಿಡಿ ಅದೇ ಮರದ್ದು. ಪ್ಲಾಸ್ಟಿಕ್ ಹಿಡಿಯ ಮಾದರಿಯನ್ನೂ ಅವರು ಮಾಡುತ್ತಾರೆ, ಹಿಡಿಯ ತುದಿಗೆ ಸಿಳ್ಳೆ ಸಹಿತ. ನನ್ನ ತೋಟದಲ್ಲಿ ಸಿಳ್ಳೆ ಹೊಡೆದರೆ ಓಡಿಬರುವುದು ನಾಯಿಯೊಂದೇ.

ಬಳೆಯ ಬಗ್ಗೆ ಮಾತ್ರ ಒಪಿನೆಲ್ಲಿಗೆ ಪೂರ್ತಿ ಅಂಕ ಕೊಡಬೇಕು. ಹಿಂದೊಮ್ಮೆ ಸಂತೆಯಲ್ಲಿ ಕೊಂಡ ಹೆಸರಿಲ್ಲದ ಮಡಚುಚಾಕುವಿನ ಮೊನೆಯಿಂದ ತೆಂಗಿನಕಾಯಿಯ ಕಣ್ಣು ಚುಚ್ಚಲು ಹೋಗಿ, ಅದು ತಟಕ್ಕನೆ ಮಡಚಿ ತೋರುಬೆರಳಿಗೆ ಮೂರು ಹೊಲಿಗೆ ಬಿದ್ದಿದ್ದವು. ಫಾರ್ಮರಿನ ಅಲಗಿಗೂ ಬೀಗವಿಲ್ಲ. ಬೆನ್ನಿನ ಸ್ಪ್ರಿಂಗ್ ಗಟ್ಟಿಯಾಗಿ ಒತ್ತುತ್ತದೆ, ಅಷ್ಟೆ. ಅದರಲ್ಲಿ ಚುಚ್ಚುವ ಕೆಲಸಕ್ಕೆ ಬೇರೆಯೇ ಒಂದು ದಬ್ಬಣದಂಥ ಮೊನೆಯಿದೆ, ಅಲಗಿನಿಂದ ಚುಚ್ಚಬಾರದೆಂಬ ಶಿಸ್ತು ನಮಗಿರಬೇಕು. ಕಾನೂನಿನ ಅಂಜಿಕೆ ಎರಡಕ್ಕೂ ಬೇಡ: ನಮ್ಮ ಶಸ್ತ್ರಾಸ್ತ್ರ ನಿಯಮಗಳ ಪಟ್ಟಿಯಲ್ಲಿ ಬರುವುದು 9 ಇಂಚಿಗಿಂತ ಉದ್ದದ ಅಥವಾ 2 ಇಂಚಿಗಿಂತ ಅಗಲದ ಅಲಗುಗಳು, ಅದರಲ್ಲೂ ಮನೆಬಳಕೆ, ಕೃಷಿಗೆಂದು ಮಾಡಿದವು ಹೊರತು. ಒಪಿನೆಲ್‌ನವರು ಮಾಡುವ 13ನೇ ನಂಬರಿನ ದೈತ್ಯ ಚಾಕುವಿನ ಅಲಗು 22 ಸೆಂಟಿಮೀಟರ್. ಅದೂ 9 ಇಂಚಿಗೆ ಕೂದಲೆಳೆಯಷ್ಟು ಕಡಿಮೆಯೇ.

ಫಾರ್ಮರನ್ನು ಗೆಲ್ಲಿಸಿದ್ದು ಅದರ ಗರಗಸ. ಸುಮಾರು 80 ಗ್ರಾಂ ತೂಕದ ಆ ಪುಟ್ಟ ವಸ್ತುವಿನಲ್ಲಿ ಅಲಗು, ದಬ್ಬಣ, ಡಬ್ಬಿ ತೆರೆಯುವುದು, ಬಾಟಲಿ ಮುಚ್ಚಳ ತೆಗೆಯುವುದು, ಆ ಎರಡರ ತುದಿಯಲ್ಲಿ ಸ್ಕ್ರೂ ತಿರುಗಿಸುವ ಮೊನೆಗಳು, ಜೊತೆಗೆ ಗರಗಸ. ಈ ಗರಗಸ ಆಟಿಕೆಯಲ್ಲ. ಬೆರಳು ದಪ್ಪದ ಟೊಂಗೆಯನ್ನು ಹತ್ತು ಹದಿನೈದು ಎಳೆತಕ್ಕೆ ಕತ್ತರಿಸುತ್ತದೆ, ಸಿಪ್ಪೆ ಜಗ್ಗಿ ಹರಿಯುವುದಿಲ್ಲ. ಸ್ಕ್ರೂ ಮೊನೆಯಿಂದ ಔಷಧಿ ಹೊಡೆಯುವ ಪಂಪಿನ ಕ್ಲಿಪ್ಪನ್ನು ತೋಟದಲ್ಲೇ ಬಿಗಿ ಮಾಡಿದ್ದು ಎಷ್ಟು ಸಲವೋ. ತೊಂದರೆಯಿರುವುದು ಸಂದುಗಳಲ್ಲಿ. ಹಲಸಿನ ಮೇಣ ಕೀಲಿನೊಳಗೆ ಹೋದರೆ ಎಲ್ಲ ಅಲಗುಗಳೂ ಅಂಟಿ ಕೂರುತ್ತವೆ. ತೆಂಗಿನೆಣ್ಣೆ ಬಿಟ್ಟು ಕರಗಿಸಿ, ಬಿಸಿನೀರಲ್ಲಿ ಆಡಿಸಿ, ಒರೆಸಿ, ಮತ್ತೊಂದು ಹನಿ ಎಣ್ಣೆ ಬಿಡಬೇಕು. ಅಲ್ಯೂಮಿನಿಯಂ ಹಿಡಿಯಾದ್ದರಿಂದ ನೀರಿನಲ್ಲಿ ಅದ್ದಲು ಭಯವಿಲ್ಲ, ಮರದ ಹಿಡಿಯನ್ನು ಹಾಗೆ ಅದ್ದಲಾಗದು.

ಬೆಲೆಯಲ್ಲಿ ಮಾತ್ರ ಹೋಲಿಕೆಯೇ ಇಲ್ಲ. ಅಲ್ಲಿನ ಅಂಗಡಿಗಳಲ್ಲಿ ಒಂದು ಫಾರ್ಮರಿನ ದುಡ್ಡಿಗೆ ಎರಡು ಮೂರು ಒಪಿನೆಲ್ ಬರುತ್ತವಂತೆ. ಹಣ ಕೊಟ್ಟು ನಾನೇ ಕೊಳ್ಳುವುದಾಗಿದ್ದರೆ ಬಹುಶಃ ಇಷ್ಟು ಧಾರಾಳವಾಗಿ ಆರಿಸುತ್ತಿರಲಿಲ್ಲ.

ಕೊನೆಗೆ ತೀರ್ಮಾನಿಸಿದ್ದು ಹಿಡಿಯ ಮೂಲೆಯಲ್ಲಿರುವ ಒಂದು ಸಣ್ಣ ಉಂಗುರ. ಫಾರ್ಮರಿಗೆ ಅದು ಇದೆ, 8ನೇ ನಂಬರಿನ ಸಾದಾ ಒಪಿನೆಲ್ಲಿಗೆ ಇಲ್ಲ. ದಾರ ಕಟ್ಟಬೇಕೆಂದರೆ ಮರಕ್ಕೆ ನಾವೇ ತೂತು ಕೊರೆಯಬೇಕು. ಆ ಉಂಗುರದಿಂದ ಫಾರ್ಮರ್ ನನ್ನ ಬೀಗದ ಕೈ ಗೊಂಚಲಿಗೆ ಸೇರಿತು. ಜುಲೈಯಲ್ಲಿ ಮಾಣಿ ಒಪಿನೆಲ್ಲನ್ನು ಒರೆಸಿ, ಎಣ್ಣೆ ಸವರಿ, ವಿಮಾನದೊಳಗೆ ಒಯ್ಯಲು ಬಿಡುವುದಿಲ್ಲವಾದ್ದರಿಂದ ಸಾಮಾನಿಗೆ ಹಾಕುವ ಪೆಟ್ಟಿಗೆಯ ತಳದಲ್ಲಿ ಇಟ್ಟುಕೊಳ್ಳುತ್ತಿದ್ದಾಗ, ಮುಂದಿನ ಸಲ ದೀಪಾವಳಿ ಕಳೆದ ಮೇಲೆ ಬರುವುದಾದರೆ ಅದನ್ನೂ ತಾ ಎಂದೆ. ಆಗ ಮಳೆ ಇರುವುದಿಲ್ಲ, ಸೌತೆಕಾಯಿ ಹೆಚ್ಚಲು ಅದಕ್ಕಿಂತ ಒಳ್ಳೆಯ ಚಾಕು ನಾನು ಕಂಡಿಲ್ಲ.