ಗುರು ಸಿಗೂದು ಹ್ಯಾಂಗ್ರಿ?

“ಸಿದ್ಧರ ಕಡೆ ಮನಸ್ಸು ಎಳೀಲಿಕ್ಕತ್ತೈತ್ರಿ. ಮನ್ಯಾಗ ಅವರ ಪೂಜಾ ಮಾಡಬಹುದೇನ್ರಿ? ಗುರು ಸಿಗೂದು ಹ್ಯಾಂಗ್ರಿ?” ವಿಜಯಪುರ, ಜಮಖಂಡಿ, ಚಿಕ್ಕೋಡಿ ಕಡೆಯವರು ಈ ಎರಡು ಪ್ರಶ್ನೆಗಳನ್ನು ಯಾವಾಗಲೂ ಜೋಡಿಯಾಗಿಯೇ ಕೇಳುತ್ತಾರೆ. ಉತ್ತರ ಹೇಳುವ ಮೊದಲು ನಾನು ತಿರುಗಿ ಒಂದು ಪ್ರಶ್ನೆ ಹಾಕುತ್ತೇನೆ: ಯಾವ ಸಿದ್ಧರು?

ಇದು ಕೊಂಕಲ್ಲ. ನಮ್ಮ ಮೂರು ಜಿಲ್ಲೆಗಳಲ್ಲಿ ಈ ಒಂದು ಶಬ್ದಕ್ಕೆ ಕಡಿಮೆಯೆಂದರೂ ನಾಲ್ಕು ಮನೆಗಳಿವೆ. ಡೊಳ್ಳಿನ ಪದಗಳಲ್ಲಿ ಬರುವ ರೇವಣಸಿದ್ಧ, ಅಮೋಘಸಿದ್ಧ, ಬೀರಪ್ಪ, ಮಾಳಿಂಗರಾಯ ಇವರೆಲ್ಲ ಹಾಲುಮತದ, ಅಂದರೆ ಕುರುಬ ಸಮುದಾಯದ ಸಿದ್ಧರು. ಭಂಡಾರ (ಅರಿಷಿಣ ಪುಡಿ), ಕಂಬಳಿ, ಡೊಳ್ಳು ಇವರ ಪೂಜೆಯ ಜೀವ. ಅರಕೇರಿಯ ಮುಮ್ಮೆಟ್ಟಿ ಗುಡ್ಡ ಅಮೋಘಸಿದ್ಧನ ಠಾವು. ಎರಡನೆಯದು 12ನೆಯ ಶತಮಾನದ ಸೊನ್ನಲಿಗೆಯ (ಇಂದಿನ ಸೊಲ್ಲಾಪುರ) ಸಿದ್ಧರಾಮ. ವಿಜಯಪುರದ ಸಿದ್ಧೇಶ್ವರ ಗುಡಿ, ಅಲ್ಲಿನ ಸಂಕ್ರಾಂತಿ ಜಾತ್ರೆ, ನಂದಿಕೋಲು ಅವನ ಹೆಸರಿನವು. ಮೂರನೆಯದು ಮಠಗಳ ಕರ್ತೃ ಗದ್ದುಗೆಗಳು, ಅಂದರೆ ಮಠ ಕಟ್ಟಿದವರ ಸಮಾಧಿಗಳು, ಮತ್ತು ಬನಹಟ್ಟಿಯ ಕಾಡಸಿದ್ಧೇಶ್ವರನಂತಹ ಊರದೇವರು. ನಾಲ್ಕನೆಯದು ವಿಜಯಪುರ ಜಿಲ್ಲೆಯ ಇಂಚಗೇರಿಯ ನಾಮಪರಂಪರೆ. ಅಲ್ಲಿ ಕಲ್ಲಿಗಿಂತ ಗದ್ದುಗೆಗಿಂತ ಜಪಕ್ಕೆಂದು ಗುರು ಕೊಟ್ಟ ನಾಮಕ್ಕೇ ತೂಕ.

ಈ ನಾಲ್ಕನ್ನು ಕಲಸಿದಾಗಲೇ ತೊಂದರೆ ಶುರು. ಬೀರಪ್ಪನ ಗುಡಿಗೆ ಹೋದವರು ಪೂಜಾರಿ ಮಂತ್ರೋಪದೇಶ ಕೊಡಲಿಲ್ಲವೆಂದು ಬೇಸರಪಡುತ್ತಾರೆ. ನಾಮ ಕೇಳಲು ಮಠಕ್ಕೆ ಹೋದವರು ಪೂಜಾರಿಯಿಂದ ಭವಿಷ್ಯದ ಹೇಳಿಕೆ ಕೇಳುವಂತೆ “ಹೊಲದ ಕೇಸು ನಮ್ಮ ಕಡೆ ಆಗತೈತೇನ್ರಿ” ಅನ್ನುತ್ತಾರೆ. ತಪ್ಪು ಬಾಗಿಲು ಬಡಿದು, ಒಳಗೆ ಯಾರೂ ಇಲ್ಲ ಎಂದು ಹೇಳಿಕೊಂಡು ತಿರುಗುತ್ತಾರೆ.

ಹಾಗಾಗಿ ಹೊರಗೆ ಹುಡುಕುವುದಕ್ಕಿಂತ ಮೊದಲು ಮನೆಯೊಳಗೆ ಕೇಳಿ. ನಮ್ಮ ಕಡೆ ದೇವರನ್ನು ‘ಪೂಜಿಸುತ್ತೇವೆ’ ಅನ್ನುವವರು ಕಡಿಮೆ, ‘ಆ ದೇವರಿಗೆ ನಡ್ಕೋತೀವಿ’ ಅನ್ನುತ್ತಾರೆ. ನಿಮ್ಮ ಮನೆ ಯಾರಿಗೆ ನಡೆದುಕೊಳ್ಳುತ್ತದೆ? ಆಯಿಯನ್ನೋ (ಅಜ್ಜಿ) ಮುತ್ಯಾನನ್ನೋ (ಅಜ್ಜ) ಕೂರಿಸಿಕೊಂಡು ಐದು ವಿಷಯ ಬರೆದುಕೊಳ್ಳಿ: ಮನೆದೇವರು ಯಾರು, ಯಾವ ಮಠದ ಭಕ್ತರು, ಯಾವ ವಾರ ಅಥವಾ ಯಾವ ಅಮಾವಾಸ್ಯೆ, ಎಡೆ ಏನು, ಹಣೆಗೆ ಭಂಡಾರವೋ ವಿಭೂತಿಯೋ. ಎಷ್ಟೋ ಮನೆಗಳಲ್ಲಿ ಭಂಡಾರದ ಚೀಲ ಇನ್ನೂ ಜಗಲಿಯ ಮೇಲಿರುತ್ತದೆ, ಯಾವ ಗುಡಿಯದು ಎಂಬುದಷ್ಟೇ ಮರೆತಿರುತ್ತದೆ. ವಾರ, ಎಡೆ ಮನೆಯಿಂದ ಮನೆಗೆ ಬೇರೆ. ಮೊಬೈಲಿನಲ್ಲಿ ನೋಡಿ ತಿದ್ದಿಕೊಳ್ಳುವ ವಿಷಯ ಇದಲ್ಲ.

ಮನೆಯಲ್ಲಿ ಪೂಜೆ ಮಾಡಬಹುದೇ? ಧಾರಾಳವಾಗಿ. ಆದರೆ ಮನೆಯಲ್ಲಿ ಗದ್ದುಗೆ ಕಟ್ಟಬೇಡಿ. ಗದ್ದುಗೆ ಎಂದರೆ ಒಬ್ಬರು ಐಕ್ಯರಾದ ಜಾಗ. ಅದಕ್ಕೆ ನಿತ್ಯ ಪೂಜೆ, ಪೂಜಾರಿ, ಕಟ್ಟಳೆ ಎಲ್ಲ ಇರುತ್ತವೆ, ನಾಲ್ಕು ದಿನದ ಉತ್ಸಾಹಕ್ಕೆ ಅದು ಒಗ್ಗುವುದಿಲ್ಲ. ಜಗಲಿಯ ಮೇಲೆ ಒಂದೇ ಫೋಟೊ, ಒಂದು ಎಣ್ಣೆ ದೀಪ, ಒಂದು ತಂಬಿಗೆ ನೀರು ಸಾಕು. ಹತ್ತು ಜನ ಸಾಧುಗಳ ಫೋಟೊ ಸಾಲಾಗಿಟ್ಟರೆ ಅದು ಕ್ಯಾಲೆಂಡರ್ ಅಂಗಡಿ ಆದೀತು. ಜಳಕ, ಹಣೆಗೆ ಭಂಡಾರ ಅಥವಾ ವಿಭೂತಿ, ದೀಪ, ಪತ್ರಿ ಅಥವಾ ಹೂವು, ಮನೆಯಲ್ಲಿ ಅಂದು ಮಾಡಿದ ಅಡಿಗೆಯ ಎಡೆ. ಹತ್ತು ನಿಮಿಷದ ಕೆಲಸ. ಹೋಳಿಗೆ, ಕಡುಬು ಹಬ್ಬಕ್ಕಿರಲಿ. ಉಳಿದ ದಿನ ರೊಟ್ಟಿ ಪಲ್ಲೆ ಇಟ್ಟರೆ ಯಾವ ಸಿದ್ಧನೂ ಮುನಿಸಿಕೊಳ್ಳುವುದಿಲ್ಲ.

ಲಿಂಗಧಾರಿಗಳಿಗೆ ಇಷ್ಟೂ ಬೇಕಿಲ್ಲ, ಇಷ್ಟಲಿಂಗ ಇಡುವ ಕರಡಿಗೆಯೊಳಗೇ ಎಲ್ಲ ಇದೆ. ಎಡಗೈ ಅಂಗೈಯಲ್ಲಿ ಇಷ್ಟಲಿಂಗ ಇಟ್ಟು, ನೀರು ಎರೆದು, ಒರೆಸಿ, ವಿಭೂತಿ, ಪತ್ರಿ ಏರಿಸಿ, ಎದೆಯ ಮಟ್ಟದಲ್ಲಿ ಹಿಡಿದು ನೋಟ ನಿಲ್ಲಿಸುವುದು, ಜೊತೆಗೆ ಷಡಕ್ಷರಿ, ಅಂದರೆ ‘ಓಂ ನಮಃ ಶಿವಾಯ’. ಇಲ್ಲಿ ಸಾಮಾನ್ಯವಾಗಿ ಆಗುವ ತಪ್ಪು ಕಣ್ಣು ಪಿಳುಕಿಸಬಾರದೆಂದು ಹಟ ಹಿಡಿಯುವುದು. ಕಣ್ಣೀರು ಬಂದು, ಉರಿದು, ಎರಡನೆಯ ವಾರಕ್ಕೇ ಪೂಜೆ ಬಿಡುತ್ತಾರೆ. ಕಣ್ಣು ಅರೆ ತೆರೆದಿರಲಿ, ರೆಪ್ಪೆ ತಾನಾಗಿ ಬಡಿದರೆ ಬಡಿಯಲಿ. ಅಂಗೈ ನಡುಗಿದರೆ ಮೊಣಕೈಯನ್ನು ಪಕ್ಕೆಗೆ ಆನಿಸಿಕೊಳ್ಳಿ.

ಭಂಡಾರದ ಬಗ್ಗೆ ಒಂದು ಮಾತು. ಭಂಡಾರ ಅಂದರೆ ಅರಿಷಿಣ ಪುಡಿ, ಅಷ್ಟೇ. ಜಾತ್ರೆಯಲ್ಲಿ ಕಣ್ಣು ಕುಕ್ಕುವ ಹಳದಿಯ ಪುಡಿ ಕಂಡರೆ ಕೊಳ್ಳಬೇಡಿ, ಬಣ್ಣ ಬೆರೆತಿರಬಹುದು. ಗ್ಲಾಸು ನೀರಿಗೆ ಒಂದು ಚಮಚ ಹಾಕಿ ಬಿಡಿ. ಒಳ್ಳೆಯ ಅರಿಷಿಣ ತಳಕ್ಕಿಳಿಯುತ್ತದೆ, ಮೇಲಿನ ನೀರು ತಿಳಿ ಹಳದಿ. ಬಣ್ಣ ಬೆರೆತದ್ದಾದರೆ ನೀರೆಲ್ಲ ಗಾಢ ಹಳದಿ. ಅರಿಷಿಣ ಕೊಂಬು ತಂದು ಗಿರಣಿಯಲ್ಲಿ ಬೀಸಿಸಿಕೊಳ್ಳುವುದು ಎಲ್ಲಕ್ಕಿಂತ ನಂಬಿಗಸ್ತ ದಾರಿ. ದೀಪಾವಳಿ ಅಮಾವಾಸ್ಯೆಗೆ ಮಾಳಿಂಗರಾಯನ ಮುಂಡಾಸ ನೋಡಲು ಗಡಿ ದಾಟಿ ಮಹಾರಾಷ್ಟ್ರದ ಹುಲಜಂತಿಗೆ ಹೋಗುವವರು ನಮ್ಮಲ್ಲಿ ಬಹಳ. ಅಲ್ಲಿ ಭಂಡಾರ, ಉಣ್ಣೆ, ಉತ್ತತ್ತಿ ಮಳೆಯಂತೆ ಸುರಿಯುತ್ತವೆ. ದಮ್ಮಿನ ರೋಗದವರು ಮೂಗಿಗೆ ವಸ್ತ್ರ ಕಟ್ಟಿಕೊಂಡು ಅಂಚಿನಲ್ಲಿ ನಿಲ್ಲಿ, ಕಣ್ಣೊಳಗೆ ಲೆನ್ಸ್ ಹಾಕುವವರು ಅಂದು ಚಾಳೀಸಿಗೆ ಬದಲಾಯಿಸಿ.

ಇನ್ನು ನೇಮ, ಅಂದರೆ ದಿನವೂ ತಪ್ಪದೆ ಮಾಡುವ ಜಪ. ನನ್ನ ಉತ್ತರದ ತಿರುಳು ಇಲ್ಲಿದೆ. ಗುರು ಸಿಗುವವರೆಗೆ ಕಾಯುತ್ತೇನೆ ಎಂದು ಸುಮ್ಮನೆ ಕೂರುವುದು ಮಳೆ ಬಂದ ಮೇಲೆ ಹೊಲ ಹರಗುತ್ತೇನೆ ಅಂದಂತೆ. ಹದ ಮೊದಲು ಮಾಡಿಕೊಳ್ಳಬೇಕು. ಇಂಚಗೇರಿ ಪರಂಪರೆಯಲ್ಲಿ ಎರಡು ಹಾದಿಗಳ ಮಾತು ಬರುತ್ತದೆ: ಪಿಪೀಲಿಕಾ ಮಾರ್ಗ, ಅಂದರೆ ಇರುವೆಯ ಹಾದಿ, ಮತ್ತು ವಿಹಂಗಮ ಮಾರ್ಗ, ಹಕ್ಕಿಯ ಹಾದಿ. ಮೊದಲನೆಯದು ದಿನದಿನದ ಧ್ಯಾನದಿಂದ ಮೆಲ್ಲಗೆ ಏರುವುದು. ಎರಡನೆಯದು ವಿಚಾರದಿಂದ ನೇರ ಹಾರುವುದು. ಸಿದ್ಧರಾಮೇಶ್ವರ ಮಹಾರಾಜರು ಎರಡನೆಯದನ್ನು ಎತ್ತಿ ಹಿಡಿದರು. ಮುಂಬಯಿಯ ನಿಸರ್ಗದತ್ತ ಮಹಾರಾಜರು ಅವರ ಶಿಷ್ಯರು. ಆದರೆ ಆ ಸಿದ್ಧರಾಮೇಶ್ವರರೂ ತಮ್ಮ ಗುರು ಭಾವುಸಾಹೇಬ ಮಹಾರಾಜರಿಂದ ಮೊದಲು ಕಲಿತದ್ದು ಇರುವೆಯ ಹಾದಿಯನ್ನೇ. ಹಕ್ಕಿಯ ಹಾದಿಯ ಪುಸ್ತಕ ಓದಿ ‘ನಾನೇ ಬ್ರಹ್ಮ’ ಎಂದು ಹೇಳಿಕೊಂಡು, ಬೆಳಿಗ್ಗೆ ಎಂಟರವರೆಗೆ ಹೊದ್ದು ಮಲಗುವವರಿಗೆ ಇದನ್ನು ನೆನಪಿಸಬೇಕಾಗುತ್ತದೆ.

ಲೆಕ್ಕ ಹೀಗೆ. ಗುರುವಿನಿಂದ ನಾಮ ಸಿಕ್ಕಿಲ್ಲದವರು ‘ಓಂ ನಮಃ ಶಿವಾಯ’ ಅಥವಾ ಮನೆದೇವರ ಹೆಸರು ಹಿಡಿಯಬಹುದು. ಒಂದು ನಾಮಕ್ಕೆ ಮೂರು ಸೆಕೆಂಡು ಹಿಡಿದರೆ 108 ಮಣಿಯ ಒಂದು ಮಾಲೆಗೆ 324 ಸೆಕೆಂಡು, ಹತ್ತಿರ ಐದೂವರೆ ನಿಮಿಷ. ಬೆಳಿಗ್ಗೆ ಎರಡು ಮಾಲೆ, ರಾತ್ರಿ ಎರಡು ಮಾಲೆ. ಮೊದಲ ಮೂರು ತಿಂಗಳು ಇದಕ್ಕಿಂತ ಹೆಚ್ಚು ಬೇಡ. ಕಂಬಳಿ ನಾಲ್ಕು ಮಡಿಕೆ ಮಾಡಿ ಹಾಸಿಕೊಳ್ಳಿ. ಕುಂಡಿಯ ಕೆಳಗೆ ಇನ್ನೊಂದು ಮಡಿಕೆ ಇದ್ದರೆ ಮೊಣಕಾಲು ನೆಲಕ್ಕೆ ಇಳಿಯುತ್ತದೆ, ಬೆನ್ನು ತಾನಾಗಿ ನೆಟ್ಟಗಾಗುತ್ತದೆ. ಮೊಣಕಾಲು ಕೆಟ್ಟವರು ಕುರ್ಚಿಯಲ್ಲಿ ಕೂರಲಿ. ಊಟವಾದ ಕೂಡಲೇ ಕೂತರೆ ತೂಕಡಿಕೆ ಖಾತ್ರಿ, ಎರಡು ತಾಸಾದರೂ ಬಿಡಿ.

ಕೆಡುವುದು ಎಲ್ಲಿ? ಮೊದಲನೆಯದು, ಹುರುಪಿನಲ್ಲಿ ಏರಿಸುವುದು. ಎರಡು ಮಾಲೆ ಹತ್ತು ದಿನಕ್ಕೆ ಇಪ್ಪತ್ತಾಗುತ್ತದೆ, ಇಪ್ಪತ್ತನೆಯ ದಿನಕ್ಕೆ ಸೊನ್ನೆ. ಎರಡನೆಯದು, ತಪ್ಪಿದ ದಿನದ ಬಾಕಿ ತೀರಿಸಲು ಮರುದಿನ ದುಪ್ಪಟ್ಟು ಮಾಡುವುದು. ನೇಮ ಬ್ಯಾಂಕಿನ ಸಾಲವಲ್ಲ, ತಪ್ಪಿದ್ದು ತಪ್ಪಿತು, ಇಂದಿನದು ಇಂದು. ಮೂರನೆಯದು ‘ತಲೆ ಕಾಯತೈತ್ರಿ’ ಎಂಬ ದೂರು. ಕೇಳಿದರೆ ಹುಬ್ಬುಗಳ ನಡುವೆ ನೋಟ ಬಿಗಿದು ಕೂತಿರುತ್ತಾರೆ, ಉಸಿರನ್ನೂ ಹಿಡಿದಿರುತ್ತಾರೆ. ಹುಬ್ಬು ಸಡಿಲಿಸಿ, ಉಸಿರು ತನ್ನಷ್ಟಕ್ಕೆ ಹೋಗಿ ಬರಲಿ, ನಾಮ ಅದರ ಬೆನ್ನೇರಿ ಹೋಗಲಿ. ನಾಲ್ಕನೆಯದು ಬೆಳಕು. ಕಣ್ಣು ಗಟ್ಟಿ ಮುಚ್ಚಿ ಗುಡ್ಡೆಯನ್ನು ಒತ್ತಿದರೆ ಯಾರಿಗಾದರೂ ಚುಕ್ಕಿ, ಬಣ್ಣ ಕಾಣುತ್ತವೆ. ನಿಶ್ಶಬ್ದದಲ್ಲಿ ಕಿವಿ ಗುಂಯ್ ಅನ್ನುವುದೂ ಹಾಗೆಯೇ. ಅದನ್ನೇ ಹಿಡಿದು ನಾದ ಕೇಳಿತು, ಬಿಂದು ಕಂಡಿತು ಎಂದು ಕುಣಿಯಬೇಡಿ. ಜಮಖಂಡಿಯಲ್ಲಿ 1886ರಲ್ಲಿ ಹುಟ್ಟಿದ, ಇಂಚಗೇರಿ ಪರಂಪರೆಯ ಗುರುದೇವ ರಾನಡೆಯವರು ನಾದ, ಬೆಳಕುಗಳ ಅನುಭವದ ಬಗ್ಗೆ ವಿಸ್ತಾರವಾಗಿ ಬರೆದದ್ದು ನಿಜ. ಆದರೆ ಅನುಭವ ಅಸಲಿಯೇ ಎಂದು ನೋಡಲು ಅವರು ಇಟ್ಟ ಒರೆಗಲ್ಲುಗಳಲ್ಲಿ ನಡತೆಯೂ ಒಂದು. ಬೆಳಕು ಕಂಡವನು ಮನೆಯಲ್ಲಿ ಹೆಂಡತಿಯ ಮೇಲೆ ಮೊದಲಿನಂತೆಯೇ ಒದರುತ್ತಿದ್ದರೆ ಆ ಬೆಳಕಿಗೆ ಏನು ಬೆಲೆ? ಯಾರೋ ಕಿವಿಯಲ್ಲಿ ಅಪ್ಪಣೆ ಕೊಟ್ಟಂತೆ ಕೇಳಿಸಿದರೆ, ವಾರಗಟ್ಟಲೆ ನಿದ್ದೆ ಹೋಗಿಬಿಟ್ಟರೆ, ನೇಮ ನಿಲ್ಲಿಸಿ ವೈದ್ಯರ ಹತ್ತಿರ ಹೋಗಿ. ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಇರುವುದು ಅದಕ್ಕೇ.

ಹೀಗೆ ಒಂದು ವರ್ಷ ನಡೆದ ಮೇಲೆ ಗುರುವಿನ ಮಾತು. ಗುರು ಎಂಬ ಶಬ್ದ ನಮ್ಮ ಊರುಗಳಲ್ಲಿ ಬಾಯಲ್ಲಿ ಬರುವುದೇ ಕಡಿಮೆ. ಮುತ್ಯಾ, ಅಜ್ಜಾರು, ಅಪ್ಪಾರು ಅನ್ನುತ್ತಾರೆ. ಆ ಸಲಿಗೆಯಲ್ಲಿ ಅರ್ಥವಿದೆ, ಮುತ್ಯಾನನ್ನು ಯಾರೂ ಜಾಹೀರಾತು ನೋಡಿ ಆರಿಸುವುದಿಲ್ಲ. ಇಂಚಗೇರಿಯ ಸಾಲನ್ನೇ ನೋಡಿ. ನಿಂಬರಗಿ ಮಹಾರಾಜರು ಲಿಂಗಾಯತರು, ಅವರಿಂದ ನಾಮ ಪಡೆದ ಉಮದಿಯ ಭಾವುಸಾಹೇಬರು ಬ್ರಾಹ್ಮಣರು. 1885ರಲ್ಲಿ ಇಂಚಗೇರಿ ಮಠ ಕಟ್ಟಿದವರು ಈ ಭಾವುಸಾಹೇಬರೇ. ರಾನಡೆಯವರು ಜಮಖಂಡಿಯಲ್ಲಿ 1901ರಲ್ಲಿ ಅವರಿಂದ ನಾಮ ಪಡೆದಾಗ ಇನ್ನೂ ಶಾಲೆಯ ಹುಡುಗ. ಜಾತಿ, ವಯಸ್ಸು, ಓದು ಯಾವುದೂ ಅಲ್ಲಿ ಅಡ್ಡ ಬರಲಿಲ್ಲ. ಅಡ್ಡ ಬರುವುದು ಒಂದೇ, ಕೊಟ್ಟ ನಾಮವನ್ನು ನಡೆಸದಿರುವುದು.

ಗುರುವೆಂದು ಹೇಳಿಕೊಳ್ಳುವವರ ಹತ್ತಿರ ಹೋದಾಗ ಕೇಳಬೇಕಾದ ಮೊದಲ ಮಾತು, “ನಿಮ್ಮ ಗುರುಗಳು ಯಾರ್ರೀ?” ಸಾಲು ಇದ್ದವರು ಸಂತೋಷದಿಂದ ಹೇಳುತ್ತಾರೆ, ಇಲ್ಲದವರು ಕನಸಿನಲ್ಲಿ ಹಿಮಾಲಯದ ಸಿದ್ಧ ಬಂದ ಕಥೆ ಹೇಳುತ್ತಾರೆ. ಜಾತ್ರೆಯ ದಿನ ಹೋಗಬೇಡಿ, ಅಂದು ಎಲ್ಲರೂ ದೊಡ್ಡವರಾಗಿ ಕಾಣುತ್ತಾರೆ. ಯಾವುದೋ ಒಂದು ಮಂಗಳವಾರ ಮಧ್ಯಾಹ್ನ ಹೋಗಿ, ಬಡವರು ಬಂದಾಗ ಹೇಗೆ ಮಾತಾಡಿಸುತ್ತಾರೆ, ದಾಸೋಹದಲ್ಲಿ ಎರಡು ಪಂಕ್ತಿ ಇದೆಯೇ, ಅವರೇ ಬೆಳಿಗ್ಗೆ ನೇಮಕ್ಕೆ ಕೂರುತ್ತಾರೆಯೇ ನೋಡಿ. ಹೀಗೆ ಹನ್ನೆರಡು ಅಮಾವಾಸ್ಯೆ ಕಳೆಯಲಿ. ಕಾಯಿ, ಸಕ್ಕರೆ, ಕೈಲಾದ ಕಾಣಿಕೆ ನಮ್ಮ ಪದ್ಧತಿ. ದೀಕ್ಷೆಗೆ ಇಷ್ಟು, ವಿಶೇಷ ದೀಕ್ಷೆಗೆ ಇಷ್ಟು ಎಂದು ದರಪಟ್ಟಿ ಬಂದರೆ ಚಪ್ಪಲಿ ಮೆಟ್ಟಿಕೊಂಡು ಹೊರಡಿ. ಸಕ್ಕರೆ ಕಾಯಿಲೆಯ ಗುಳಿಗೆ ಬಿಡು ಅಂದರೂ, ಮನೆಯವರಿಗೆ ಹೇಳದೆ ಒಬ್ಬಳೇ ಬಾ ಅಂದರೂ ಹಾಗೆಯೇ. ನಾಮವನ್ನು ಗುಟ್ಟಾಗಿಡು ಎಂದು ಗುರು ಹೇಳುವುದುಂಟು, ಅದು ಪದ್ಧತಿ. ನಾನು ಮಾಡುವುದನ್ನು ಗುಟ್ಟಾಗಿಡು ಅಂದರೆ ಅದು ಪದ್ಧತಿಯಲ್ಲ, ಅಪರಾಧ.

ಸಿದ್ಧಿ ತೋರಿಸುವವರ ಬಗ್ಗೆ ನಮ್ಮ ಹಿರಿಯರೇ ತೀರ್ಪು ಕೊಟ್ಟಾಗಿದೆ. ನಾಥಯೋಗಿ ಗೋರಕ್ಷ ತನ್ನ ವಜ್ರಕಾಯವನ್ನು ಅಲ್ಲಮನಿಗೆ ತೋರಿಸುತ್ತಾನೆ, ಕತ್ತಿ ಬೀಸಿದರೆ ಮೈ ಖಣಿಲೆನ್ನುತ್ತದೆ. ಅದೇ ಕತ್ತಿಯನ್ನು ಅಲ್ಲಮನ ಮೇಲೆ ಬೀಸಿದರೆ ಬಯಲಲ್ಲಿ ಬೀಸಿದಂತೆ ಸುಮ್ಮನೆ ಹಾದು ಹೋಗುತ್ತದೆ. ಗೋರಕ್ಷ ಸೋತದ್ದು ಮೈ ಮೆತ್ತಗಾಗಿ ಅಲ್ಲ, ಮೈ ಇದೆ ಎಂಬುದು ಉಳಿದಿತ್ತಾಗಿ.

ಕೊನೆಗೆ, ಈಚೆಗೆ ಹೆಚ್ಚಾಗಿ ಕೇಳುವ ಒಂದು ಉಪಪ್ರಶ್ನೆ: “ಜ್ಞಾನಯೋಗಾಶ್ರಮದ ಬುದ್ಧೀಜಿಯವರ ಗದ್ದುಗೆ ಎಲ್ಲೈತ್ರಿ?” ಇಲ್ಲ. ಭಕ್ತರು ಬುದ್ಧೀಜಿ ಎಂದು ಕರೆಯುತ್ತಿದ್ದ ವಿಜಯಪುರದ ಸಿದ್ಧೇಶ್ವರ ಸ್ವಾಮೀಜಿಯವರು 2014ರ ಗುರುಪೂರ್ಣಿಮೆಯಂದೇ ಬರೆದಿಟ್ಟಿದ್ದರು, ದೇಹವನ್ನು ಮಣ್ಣಲ್ಲಿಡಬಾರದು, ಅಗ್ನಿಗೆ ಕೊಡಬೇಕು, ಸ್ಮಾರಕ ಕಟ್ಟಬಾರದು ಎಂದು. 2023ರ ಜನವರಿ 2ರಂದು ಅವರು ಹೋದ ಮೇಲೆ ಹಾಗೆಯೇ ನಡೆಯಿತು, ಚಿತಾಭಸ್ಮ ನೀರಿಗೆ ಹೋಯಿತು. ಅಂಗಿಗೆ ಕಿಸೆಯೇ ಇಲ್ಲದೆ ಬದುಕಿದವರು. ಊರಿಗೊಂದು ಗದ್ದುಗೆ ಇರುವ ನಾಡಿನಲ್ಲಿ ಇದನ್ನು ಅರಗಿಸಿಕೊಳ್ಳುವುದು ಭಕ್ತರಿಗೆ ಕಷ್ಟವೇ. ಅವರಿಗೆ ನಡೆದುಕೊಳ್ಳಬೇಕೆನ್ನುವವರು ಆಶ್ರಮಕ್ಕೆ ಹೋಗಿ, ಮರದ ಕೆಳಗೆ ಅರ್ಧ ತಾಸು ಸುಮ್ಮನೆ ಕೂತು ಬರಬಹುದು. ಕಾಯಿ ಒಯ್ಯುವುದು ಬೇಡ.